ಪಾಲುದಾರಿಕೆಯೂ ಒಂದು ಸರದಿ ಓಟವೇ

ಕಳೆದ ಆಗಸ್ಟ್ ತಿಂಗಳ ಕೊನೆಯ ಹದಿನೈದು ದಿನಗಳು ನಾನು ಕಚೇರಿಯಲ್ಲಿರಲಿಲ್ಲವೆಂಬ ಸಂಗತಿ ಈ ಪತ್ರಿಕೆಯ ಓದುಗರಲ್ಲಿ ಹಲವರಿಗೆ ತಿಳಿದಿದೆ. ಲೆಕ್ಕಪತ್ರಗಳ ಚೀಲವನ್ನು ಹಿಡಿದು ಬಂದ ಕೆಲವರು ನನ್ನನ್ನು ಕಾಣದೆ ಹಿಂದಿರುಗಿದ್ದಾರೆ. ಅವರೆಲ್ಲರ ಕ್ಷಮೆಯನ್ನು ಮೊದಲೇ ಕೋರುತ್ತೇನೆ. ಆದರೆ ಅವರು ಹಾಗೆ ಬರಿಗೈಯಲ್ಲಿ ಹಿಂದಿರುಗಬೇಕಾಗಿ ಬಂದದ್ದೇ ಈ ಲೇಖನದ ವಿಷಯವಾಗಿರುವುದರಿಂದ, ಅದಕ್ಕೆ ಕಾರಣವನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕಾಗಿದೆ.

ನನ್ನೊಡನೆ ಬಿ.ಕಾಂ. ಓದಿದ ಮಿತ್ರನೊಬ್ಬ ಅಮೆರಿಕದ ಒರೆಗಾನ್ ರಾಜ್ಯದ ಪೋರ್ಟ್‌ಲ್ಯಾಂಡ್ ನಗರದಲ್ಲಿ ಬಹುಕಾಲದಿಂದ ನೆಲೆಸಿದ್ದಾನೆ. ಅಲ್ಲಿ ಪ್ರತಿವರ್ಷ ಆಗಸ್ಟ್ ಕೊನೆಯಲ್ಲಿ ‘ಹುಡ್ ಟು ಕೋಸ್ಟ್’ ಎಂಬ ಸರದಿ ಓಟ ನಡೆಯುತ್ತದೆ. ಐವತ್ತು ದಾಟಿದ ಸಹಪಾಠಿಗಳು ಒಮ್ಮೆ ಸೇರಿ ಅದರಲ್ಲಿ ಓಡಬೇಕೆಂಬುದು ಅವನ ಹಟ. ನಾವು ಐವರು ಒಪ್ಪಿದೆವು. ಉಳಿದ ಏಳು ಸ್ಥಾನಗಳನ್ನು ನಮ್ಮ ಮಕ್ಕಳ ವಯಸ್ಸಿನವರು ತುಂಬಿದರು. ಬೆಳಗಿನ ನಡಿಗೆಯ ಅಭ್ಯಾಸವಿದ್ದ ನಾನು ಒಂದು ವರ್ಷ ಕಾಲ ಅದನ್ನು ನಿಧಾನವಾಗಿ ಓಟವಾಗಿ ಮಾರ್ಪಡಿಸಿಕೊಂಡು, ವೈದ್ಯರ ಒಪ್ಪಿಗೆಯನ್ನೂ ಮನೆಯವರ ಅರೆ ಒಪ್ಪಿಗೆಯನ್ನೂ ಪಡೆದು ಹೊರಟೆ.

ಓಟದ ಸ್ವರೂಪ

ಈ ಓಟವನ್ನು 1982ರಲ್ಲಿ ಬಾಬ್ ಫೂಟ್ ಎಂಬವರು ಕೇವಲ 8 ತಂಡಗಳೊಡನೆ ಆರಂಭಿಸಿದರು. ಇಂದು ಸಾವಿರಕ್ಕೂ ಹೆಚ್ಚು ತಂಡಗಳು ಪಾಲ್ಗೊಳ್ಳುತ್ತವೆ. ಹುಡ್ ಪರ್ವತದ ಮೇಲೆ ಸುಮಾರು 6,000 ಅಡಿ ಎತ್ತರದಲ್ಲಿರುವ ಟಿಂಬರ್‌ಲೈನ್ ಲಾಡ್ಜ್ ಎಂಬ ವಸತಿಗೃಹದ ಬಳಿ ಹೊರಟು, ಪೋರ್ಟ್‌ಲ್ಯಾಂಡ್ ನಗರವನ್ನು ಹಾಯ್ದು, ಕರಾವಳಿಯ ಗುಡ್ಡಸಾಲನ್ನು ದಾಟಿ, ಪೆಸಿಫಿಕ್ ಸಾಗರದ ದಡದ ಸೀಸೈಡ್ ಎಂಬ ಊರಿನ ಮರಳಿನಲ್ಲಿ ಮುಗಿಯುವ ಈ ಮಾರ್ಗದ ಉದ್ದ ಸುಮಾರು 320 ಕಿಲೋಮೀಟರ್. ಅದನ್ನು 36 ಹಂತಗಳಾಗಿ ವಿಂಗಡಿಸಲಾಗಿದೆ. ಒಂದು ತಂಡದಲ್ಲಿ 12 ಜನ. ಒಬ್ಬೊಬ್ಬರಿಗೂ ಮೂರು ಹಂತಗಳು. ಆರು ಜನ ಒಂದು ವ್ಯಾನಿನಲ್ಲಿ, ಉಳಿದ ಆರು ಜನ ಮತ್ತೊಂದರಲ್ಲಿ. ಒಂದು ವ್ಯಾನಿನವರು ಓಡುವಾಗ ಮತ್ತೊಂದರವರು ಮುಂದಿನ ಠಾಣೆಗೆ ತೆರಳಿ, ಉಂಡು, ಅವಕಾಶವಾದರೆ ಕಣ್ಣು ಮುಚ್ಚಿ ಕಾಯುತ್ತಾರೆ. ಒಂದು ಹಗಲು, ಒಂದು ರಾತ್ರಿ, ಮತ್ತೆ ಒಂದು ಹಗಲು ಓಟ ನಿಲ್ಲುವುದಿಲ್ಲ. ಕೈಯಿಂದ ಕೈಗೆ ದಾಟುವುದು ಕೋಲಲ್ಲ, ಮಣಿಕಟ್ಟಿಗೆ ಸುತ್ತಿಕೊಳ್ಳುವ ಒಂದು ಪಟ್ಟಿ.

ವ್ಯಾಪಾರಸ್ಥರಾದ ನಮಗೆ ಮೆಚ್ಚುಗೆಯಾಗುವ ಒಂದು ನಿಯಮವಿದೆ. ಎಲ್ಲ ತಂಡಗಳೂ ಒಂದೇ ಗಳಿಗೆಗೆ ಹೊರಡುವುದಿಲ್ಲ. ಪ್ರತಿ ತಂಡವೂ ತನ್ನ ವೇಗವನ್ನು ಮುಂಚಿತವಾಗಿ ಘೋಷಿಸಬೇಕು; ನಿಧಾನದವರು ಶುಕ್ರವಾರ ಬೆಳಕು ಹರಿಯುವ ಮುನ್ನವೇ ಹೊರಟರೆ, ಅತಿ ವೇಗದವರು ಮಧ್ಯಾಹ್ನದವರೆಗೂ ಕಾಯುತ್ತಾರೆ. ಇದರಿಂದಾಗಿ ಶನಿವಾರ ಎಲ್ಲರೂ ಹೆಚ್ಚುಕಡಿಮೆ ಒಂದೇ ಅವಧಿಯಲ್ಲಿ ಸಮುದ್ರ ಕಾಣುತ್ತಾರೆ. ನಿಧಾನಿಗೆ ನಾಚಿಕೆಯಿಲ್ಲ, ಆದರೆ ತನ್ನ ವೇಗವೆಷ್ಟೆಂದು ಅವನು ಪ್ರಾಮಾಣಿಕವಾಗಿ ಒಪ್ಪಿಕೊಳ್ಳಬೇಕು.

ದೂರದ ಹಾದಿಯನ್ನು ಹಂತಗಳಾಗಿ ಹಂಚಿಕೊಂಡು ಓಡುವುದು ನಮಗೇನೂ ಹೊಸತಲ್ಲ. ಚಿಕ್ಕದೇವರಾಜ ಒಡೆಯರ ಕಾಲದಿಂದ ಬಂದ ಮೈಸೂರು ಅಂಚೆಯಲ್ಲಿ ಹರಿಕಾರರು ಠಾಣೆಯಿಂದ ಠಾಣೆಗೆ ಓಡಿ ಚೀಲ ದಾಟಿಸುತ್ತಿದ್ದರು. ಆ ವ್ಯವಸ್ಥೆ 1889ರಲ್ಲಿ ಬ್ರಿಟಿಷ್ ಅಂಚೆಯಲ್ಲಿ ವಿಲೀನವಾಯಿತು. ಜಪಾನಿನಲ್ಲಿ ಇಂಥ ಓಟಕ್ಕೆ ‘ಎಕಿದೆನ್’ ಎಂದು ಹೆಸರು; ಅದೂ ಹಳೆಯ ಠಾಣೆಗಳ ಸಂಪರ್ಕ ವ್ಯವಸ್ಥೆಯಿಂದ ಬಂದ ಪದವೇ. 1920ರಲ್ಲಿ ಆರಂಭವಾದ ಹಕೋನೆ ಎಕಿದೆನ್‌ನಲ್ಲಿ ವಿಶ್ವವಿದ್ಯಾಲಯಗಳ ತಂಡಗಳು ಹೆಗಲಿಗೆ ಅಡ್ಡಲಾಗಿ ಧರಿಸಿದ ಬಟ್ಟೆಯ ಪಟ್ಟಿಯನ್ನು ದಾಟಿಸುತ್ತವೆ. ಒಂದು ತಂಡ ನಿಗದಿತ ಅವಧಿಗಿಂತ ಹಿಂದೆ ಬಿದ್ದರೆ, ಠಾಣೆಯಲ್ಲಿ ಕಾಯುತ್ತಿರುವ ಮುಂದಿನವನು ಆ ಪಟ್ಟಿ ತಲುಪುವ ಮೊದಲೇ ಓಡಬೇಕಾಗುತ್ತದೆ. ಹಿಂದಿನವನು ಏದುಸಿರು ಬಿಡುತ್ತ ಬಂದಾಗ ಪಟ್ಟಿಯನ್ನು ಪಡೆಯಲು ಅಲ್ಲಿ ಯಾರೂ ಇರುವುದಿಲ್ಲ.

ಆ ನಿಯಮ ನಮ್ಮ ಓಟದಲ್ಲಿರಲಿಲ್ಲ. ಆದರೂ ಅದೇ ಅನುಭವ ನನಗಾಯಿತು.

ರಾತ್ರಿಯ ಇಪ್ಪತ್ತೆರಡು ನಿಮಿಷ

ನಾನು ಒಂಬತ್ತನೆಯ ಓಟಗಾರ. ಆದ್ದರಿಂದ 9, 21 ಮತ್ತು 33ನೆಯ ಹಂತಗಳು ನನ್ನವು. ಇಪ್ಪತ್ತೊಂದನೆಯದು ಬಂದದ್ದು ನಡುರಾತ್ರಿ ಕಳೆದ ಮೇಲೆ, ಕಾಡಿನ ನಡುವೆ. ಬೆಳಕನ್ನು ಪ್ರತಿಫಲಿಸುವ ಅಂಗಿ ಮೈಮೇಲೆ, ದೀಪ ಕೈಯಲ್ಲಿ. ಮುಂದೆ ಓಡುವವರ ಬೆನ್ನಿನ ಕೆಂಪು ದೀಪಗಳನ್ನು ಬಿಟ್ಟರೆ ಬೇರೇನೂ ಕಾಣದು. ನನ್ನ ಮಟ್ಟಿಗೆ ಚೆನ್ನಾಗಿಯೇ ಓಡಿ ಠಾಣೆಯನ್ನು ತಲುಪಿದೆ. ಸ್ವಯಂಸೇವಕರು ನಮ್ಮ ತಂಡದ ಸಂಖ್ಯೆಯನ್ನು ಕೂಗಿದರು. ಹತ್ತನೆಯವನು, ಅಂದರೆ ಮಿತ್ರನ ಮಗ, ಅಲ್ಲಿರಲಿಲ್ಲ.

ನಮ್ಮ ವ್ಯಾನು ಠಾಣೆಗೆ ಬರುವ ದಾರಿಯಲ್ಲಿ ನೂರಾರು ವ್ಯಾನುಗಳ ಸಾಲಿನಲ್ಲಿ ಸಿಲುಕಿತ್ತು. ಆ ಕಾಡಿನಲ್ಲಿ ದೂರವಾಣಿಯ ಸಂಪರ್ಕವಿರಲಿಲ್ಲ. ಬೆವರು ಆರಿ ಚಳಿ ಹತ್ತಿತು. ಇಪ್ಪತ್ತೆರಡು ನಿಮಿಷಗಳ ಕಾಲ ಪಟ್ಟಿಯನ್ನು ಹಿಡಿದು ನಿಂತೆ. ಮೊದಲು ಸಿಟ್ಟು ಬಂತು, ಆಮೇಲೆ ಆತಂಕ. ಕೊನೆಗೆ ಹುಡುಗ ವ್ಯಾನಿನಿಂದ ಇಳಿದು, ಸಾಲಿನ ಪಕ್ಕದಲ್ಲೇ ಕತ್ತಲಿನಲ್ಲಿ ಓಡಿ ಬಂದು, “ಅಂಕಲ್, ಕೊಡಿ” ಎಂದು ಕೈ ಚಾಚಿದ. ತನ್ನ ಹಂತಕ್ಕೆ ಮೊದಲೇ ಅವನು ಅಷ್ಟು ದೂರ ಓಡಿದ್ದ.

ಬೆಳಗಾದ ಮೇಲೆ ನಾವು ಲೆಕ್ಕ ಹಾಕಿದೆವು. ಯಾರು ಎಷ್ಟು ವೇಗದಲ್ಲಿ ಓಡಬೇಕು, ಏನು ತಿನ್ನಬೇಕು, ಎಷ್ಟು ನೀರು ಕುಡಿಯಬೇಕು ಎಂಬುದಕ್ಕೆಲ್ಲ ನಾವು ತಃಖ್ತೆ ಸಿದ್ಧಪಡಿಸಿದ್ದೆವು. ಅದನ್ನು ಸಿದ್ಧಪಡಿಸಿದವನು ನಾನೇ. ಆದರೆ ಮುಂದಿನ ಓಟಗಾರನನ್ನು ಎಷ್ಟು ಮುಂಚಿತವಾಗಿ ಠಾಣೆಯಲ್ಲಿ ಇಳಿಸಬೇಕೆಂಬುದು ಅದರಲ್ಲಿರಲಿಲ್ಲ. ಓಟಕ್ಕೆ ಯೋಜನೆಯಿತ್ತು, ಹಸ್ತಾಂತರಕ್ಕೆ ಇರಲಿಲ್ಲ. ಹನ್ನೆರಡು ಜನ ಬೆವರು ಸುರಿಸಿ ಉಳಿಸಿದ ನಿಮಿಷಗಳು ಒಂದೇ ಠಾಣೆಯಲ್ಲಿ ಸೋರಿಹೋದವು.

ಕಾನೂನಿನಲ್ಲಿಯೂ ಇದೇ ಓಟ

1932ರ ಭಾರತೀಯ ಪಾಲುದಾರಿಕೆ ಅಧಿನಿಯಮದ 4ನೆಯ ಪ್ರಕರಣವನ್ನು ನಾನು ಮೂವತ್ತು ವರ್ಷಗಳಿಂದ ಓದುತ್ತಿದ್ದೇನೆ. ಎಲ್ಲರೂ ಸೇರಿ, ಅಥವಾ ಎಲ್ಲರ ಪರವಾಗಿ ಯಾರಾದರೊಬ್ಬರು ನಡೆಸುವ ವ್ಯವಹಾರದ ಲಾಭವನ್ನು ಹಂಚಿಕೊಳ್ಳಲು ಒಪ್ಪಿದವರ ನಡುವಣ ಸಂಬಂಧವೇ ಪಾಲುದಾರಿಕೆ ಎಂಬುದು ಅದರ ಸಾರಾಂಶ. ‘ಎಲ್ಲರ ಪರವಾಗಿ ಒಬ್ಬರು’ ಎಂಬ ಮಾತಿನ ಅರ್ಥ ಆ ಕಾಡಿನಲ್ಲಿ ನನಗೆ ಹೊಸದಾಗಿ ಹೊಳೆಯಿತು. ರಸ್ತೆಯಲ್ಲಿರುವವನು ಒಬ್ಬನೇ, ಓಡುತ್ತಿರುವುದು ಹನ್ನೆರಡು ಜನರ ಲೆಕ್ಕಕ್ಕೆ. ಅವನು ದಾರಿ ತಪ್ಪಿದರೆ ಎಲ್ಲರೂ ತಪ್ಪಿದಂತೆ. 25ನೆಯ ಪ್ರಕರಣ ಹೇಳುವ ಸಾಮೂಹಿಕ ಹಾಗೂ ವೈಯಕ್ತಿಕ ಹೊಣೆಗಾರಿಕೆಯೂ ಇದೇ.

ನಮ್ಮ ಊರುಗಳಲ್ಲಿ ಪಾಲುದಾರಿಕೆಗಳು ಸ್ನೇಹದಿಂದಲೇ ಹುಟ್ಟುತ್ತವೆ. ಸ್ನೇಹವಿರುವುದರಿಂದಲೇ ಬೀಳ್ಕೊಡುಗೆಯ ಮಾತನ್ನು ಎತ್ತಲು ನಾಚುತ್ತೇವೆ. “ನಾನು ಸತ್ತರೆ ಏನು” ಎಂದು ಕೇಳುವುದು ಅಪಶಕುನ, “ನೀನು ಯಾವಾಗ ಬಿಡುತ್ತೀಯೆ” ಎಂದು ಕೇಳುವುದು ದ್ರೋಹ. ಆದ್ದರಿಂದ ಪತ್ರದಲ್ಲಿ ಬಂಡವಾಳದ ಅನುಪಾತವಿರುತ್ತದೆ, ಬಡ್ಡಿಯ ದರವಿರುತ್ತದೆ. ಹಸ್ತಾಂತರದ ಷರತ್ತು ಬೆರಳಚ್ಚು ಅಂಗಡಿಯ ಹಳೆಯ ನಮೂನೆಯಿಂದ ಬಂದಿರುತ್ತದೆ.

ಒಂದು ಉದಾಹರಣೆಯನ್ನು ಹೆಸರಿಲ್ಲದೆ ಹೇಳುತ್ತೇನೆ. ಇಬ್ಬರು ಬಾಲ್ಯಮಿತ್ರರು ಒಂದು ಎಣ್ಣೆ ಗಿರಣಿ ನಡೆಸುತ್ತಿದ್ದರು. ಒಬ್ಬರು ಖರೀದಿ ಮತ್ತು ಯಂತ್ರ, ಇನ್ನೊಬ್ಬರು ಮಾರಾಟ ಮತ್ತು ಬ್ಯಾಂಕು. ಒಬ್ಬರ ಕೆಲಸ ಇನ್ನೊಬ್ಬರಿಗೆ ತಿಳಿಯದು; ತಿಳಿಯಬೇಕಾದ ಪ್ರಸಂಗವೂ ಬಂದಿರಲಿಲ್ಲ. ಒಬ್ಬ ಪಾಲುದಾರರು ಮರಣಿಸಿದರೂ ಸಂಸ್ಥೆ ವಿಸರ್ಜನೆಯಾಗದು, ವಾರಸುದಾರರು ಪಾಲುದಾರರಾಗುವರು ಎಂದು ಪತ್ರದಲ್ಲಿತ್ತು. 42ನೆಯ ಪ್ರಕರಣದ ಪ್ರಕಾರ, ವಿರುದ್ಧವಾದ ಒಪ್ಪಂದವಿಲ್ಲದಿದ್ದರೆ ಪಾಲುದಾರನ ಮರಣದಿಂದ ಸಂಸ್ಥೆ ವಿಸರ್ಜನೆಯಾಗುತ್ತದೆ. ಆದ್ದರಿಂದ ಆ ಷರತ್ತು ಸಾಕೆಂದು ಅವರಿಬ್ಬರೂ ನಂಬಿದ್ದರು. ಆದರೆ ಇರುವವರು ಇಬ್ಬರೇ ಆದಾಗ, ಒಬ್ಬರು ಹೋದ ಮೇಲೆ ಉಳಿಯುವುದು ಪಾಲುದಾರಿಕೆಯಲ್ಲ, ಒಬ್ಬ ವ್ಯಕ್ತಿ ಮಾತ್ರ. ಸೇಠ್ ಗೋವಿಂದರಾಮ್ ಶುಗರ್ ಮಿಲ್ಸ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 1965ರಲ್ಲಿಯೇ ಇದನ್ನು ಸ್ಪಷ್ಟಪಡಿಸಿದೆ.

ಮಾರಾಟ ನೋಡುತ್ತಿದ್ದವರು ಸುಗ್ಗಿಯ ನಡುವೆ ಹೃದಯಾಘಾತದಿಂದ ತೀರಿಕೊಂಡರು. ಅಂಗಳದಲ್ಲಿ ಶೇಂಗಾ ರಾಶಿ ಬಿದ್ದಿತ್ತು; ಚಾಲ್ತಿ ಖಾತೆಯ ವಹಿವಾಟು ನಿಂತಿತು. ಯಾವ ಗಿರಾಕಿ ಎಷ್ಟು ಬಾಕಿ, ಯಾರಿಗೆ ಎಷ್ಟು ದಿನದ ವಾಯಿದೆ ಎಂಬುದು ಹೋದವರ ತಲೆಯಲ್ಲಿತ್ತು. ಉಳಿದವರು ಗಿರಣಿಯನ್ನು ಹೇಗೋ ನಡೆಸಿದರು. ಮುಂದೆ ಮಿತ್ರನ ಮಕ್ಕಳು 37ನೆಯ ಪ್ರಕರಣದಡಿ ತಮ್ಮ ಪಾಲು ಕೇಳಿದರು. ಲೆಕ್ಕ ಇತ್ಯರ್ಥವಾಗುವ ಮುನ್ನ ಸಂಸ್ಥೆಯ ಆಸ್ತಿಯಿಂದ ವ್ಯವಹಾರ ಮುಂದುವರಿಸಿದರೆ, ಆ ಪಾಲಿಗೆ ಸಂದ ಲಾಭವನ್ನಾಗಲಿ, ಅಥವಾ ಶೇಕಡಾ 6ರ ವಾರ್ಷಿಕ ಬಡ್ಡಿಯನ್ನಾಗಲಿ ಕೇಳುವ ಹಕ್ಕು ಅವರಿಗಿದೆ. ಕೇಳಿದ್ದು ತಪ್ಪಲ್ಲ. ಆದರೆ ಆ ಎರಡು ಮನೆಗಳ ನಡುವೆ ಇಂದು ಮದುವೆಯ ಕರೆಯೋಲೆಯೂ ಹೋಗುವುದಿಲ್ಲ. ಗಿರಣಿ ಮುಚ್ಚಿದೆ.

ಆ ಪತ್ರವನ್ನು ಹದಿನಾಲ್ಕು ವರ್ಷ ಕಡತದಲ್ಲಿ ಇಟ್ಟುಕೊಂಡು, ಪ್ರತಿವರ್ಷ ಲೆಕ್ಕಪರಿಶೋಧನೆಯ ವರದಿಗೆ ಸಹಿ ಹಾಕಿದವನು ನಾನು. ವರದಿಯಲ್ಲಿ ದೋಷವಿರಲಿಲ್ಲ, ಷರತ್ತನ್ನು ಪರಿಶೀಲಿಸೆಂದು ಯಾರೂ ನನ್ನನ್ನು ಕೇಳಿಯೂ ಇರಲಿಲ್ಲ. ಆದರೂ ಮೂರನೆಯವರೊಬ್ಬರನ್ನು, ಮನೆಯ ಮಗನನ್ನೋ ಮಗಳನ್ನೋ, ಈಗಲೇ ಸಣ್ಣ ಪಾಲಿಗೆ ಸೇರಿಸಿಕೊಳ್ಳಿ ಎಂಬ ಒಂದು ಮಾತನ್ನು ನಾನು ಹೇಳಬಹುದಾಗಿತ್ತು. ಹೇಳಲಿಲ್ಲ.

ಸದಸ್ಯರಲ್ಲಿ ನನ್ನ ಸಲಹೆಗಳು

1. ಇಬ್ಬರೇ ಪಾಲುದಾರರಿರುವ ಸಂಸ್ಥೆಗಳು ಮೂರನೆಯವರನ್ನು ಸೇರಿಸಿಕೊಳ್ಳುವ ಕುರಿತು ಇಬ್ಬರೂ ಆರೋಗ್ಯವಾಗಿರುವಾಗಲೇ ನಿರ್ಧರಿಸಲಿ. ಅಥವಾ 2008ರ ಅಧಿನಿಯಮದಡಿ ಸೀಮಿತ ಹೊಣೆಗಾರಿಕೆಯ ಪಾಲುದಾರಿಕೆಯಾಗಿ ಪರಿವರ್ತಿಸಿಕೊಳ್ಳುವುದನ್ನು ಯೋಚಿಸಲಿ. ಅದಕ್ಕೆ ನಿರಂತರ ಅಸ್ತಿತ್ವವಿದೆ. ಆದರೆ ಅಲ್ಲಿಯೂ ಒಬ್ಬರೇ ಉಳಿದು ಆರು ತಿಂಗಳು ಮೀರಿ ತಿಳಿದೂ ವ್ಯವಹಾರ ಮುಂದುವರಿಸಿದರೆ, ಆ ಅವಧಿಯ ಬಾಧ್ಯತೆಗಳಿಗೆ ಅವರು ವೈಯಕ್ತಿಕವಾಗಿ ಹೊಣೆಯಾಗುತ್ತಾರೆಂಬುದು ನೆನಪಿರಲಿ.

2. ನಿವೃತ್ತಿಯಾದ ಪಾಲುದಾರರು ಮನೆಯಲ್ಲಿ ಹಾರ ಹಾಕಿಸಿಕೊಂಡರೆ ಸಾಲದು. 32ನೆಯ ಪ್ರಕರಣದಂತೆ ಸಾರ್ವಜನಿಕ ಪ್ರಕಟಣೆ ಹೊರಡುವವರೆಗೆ ಮೂರನೆಯವರ ಪಾಲಿಗೆ ಅವರ ಹೊಣೆ ಮುಂದುವರಿಯುತ್ತದೆ. ಪಟ್ಟಿಯನ್ನು ಕೊಟ್ಟದ್ದು ಎಲ್ಲರ ಕಣ್ಣಿಗೆ ಬೀಳಬೇಕು.

3. ನೋಂದಣಿಯಾಗದ ಸಂಸ್ಥೆಗಳು ನೋಂದಣಿ ಮಾಡಿಸಲಿ. 69ನೆಯ ಪ್ರಕರಣದ ತಡೆಯಿಂದಾಗಿ, ಒಪ್ಪಂದದ ಮೇರೆಗೆ ಬರಬೇಕಾದ ಬಾಕಿಗಾಗಿ ಅಂಥ ಸಂಸ್ಥೆ ದಾವೆ ಹೂಡಲಾಗದು.

4. ಒಬ್ಬರ ತಲೆಯಲ್ಲಿರುವುದು ಇನ್ನೊಬ್ಬರ ಪುಸ್ತಕದಲ್ಲಿಯೂ ಇರಲಿ. ವರ್ಷಕ್ಕೊಮ್ಮೆ ಹದಿನೈದು ದಿನ ಪಾಲುದಾರರು ತಮ್ಮ ಕೆಲಸಗಳನ್ನು ಅದಲುಬದಲು ಮಾಡಿಕೊಳ್ಳಲಿ. ಸಂಸ್ಥೆ ಎಲ್ಲಿ ಕುಂಟುತ್ತದೆಂಬುದು ಆಗ ತಾನಾಗಿ ಗೋಚರಿಸುತ್ತದೆ.

5. ಮುಂದಿನ ಪೀಳಿಗೆಗೆ ದಿನಾಂಕ ತಿಳಿಸಿ. ನಲವತ್ತು ದಾಟಿದ ಮಗ ಇನ್ನೂ ಚೆಕ್ಕಿಗೆ ಅಪ್ಪನ ಸಹಿ ಕಾಯುತ್ತಿರುವ ಅಂಗಡಿಗಳು ನಮ್ಮ ಪೇಟೆಯಲ್ಲಿ ಎಷ್ಟಿವೆಯೆಂದು ನಿಮಗೇ ಗೊತ್ತು. ಠಾಣೆಯಲ್ಲಿ ಚಳಿಯಲ್ಲಿ ಹೆಚ್ಚು ಹೊತ್ತು ನಿಂತವನ ಕಾಲು ಮರಗಟ್ಟುತ್ತದೆ. ಪಟ್ಟಿ ಕೈಗೆ ಬಂದಾಗ ಅವನಿಗೆ ಓಡಲಾಗುವುದಿಲ್ಲ.

ಇದಕ್ಕೆ ಆಕ್ಷೇಪವಿಲ್ಲದಿಲ್ಲ. ಬೇಗ ಬಿಟ್ಟುಕೊಟ್ಟು ಮೋಸಹೋದ ಹಿರಿಯರನ್ನು ನಾನೂ ಕಂಡಿದ್ದೇನೆ. ಆದ್ದರಿಂದ ಎಲ್ಲವನ್ನೂ ಒಂದೇ ದಿನ ಕೊಟ್ಟುಬಿಡಿ ಎಂದು ನಾನು ಹೇಳುತ್ತಿಲ್ಲ. ಆ ಓಟದಲ್ಲಿ ಒಬ್ಬೊಬ್ಬರಿಗೂ ಮೂರು ಹಂತಗಳಿರುವಂತೆ, ಅಧಿಕಾರವನ್ನೂ ಹಂತ ಹಂತವಾಗಿ ಕೊಡಬಹುದು: ಮೊದಲು ಖರೀದಿ, ಅನಂತರ ಸಾಲದ ವಾಯಿದೆ, ಕೊನೆಗೆ ಬ್ಯಾಂಕಿನ ಸಹಿ. ಪಟ್ಟಿ ಕೊಟ್ಟವನು ಮನೆಗೆ ಹೋಗುವುದಿಲ್ಲ. ವ್ಯಾನು ಹತ್ತಿ, ಮುಂದಿನ ತಿರುವಿನಲ್ಲಿ ನೀರು ಹಿಡಿದು ನಿಲ್ಲುತ್ತಾನೆ.

ನನ್ನದೇ ಲೆಕ್ಕ

ಇಷ್ಟೆಲ್ಲ ಹೇಳಿದ ಮೇಲೆ ನನ್ನ ಲೆಕ್ಕವನ್ನೂ ಒಪ್ಪಿಸಬೇಕು. ನಮ್ಮ ಕಚೇರಿಯೂ ಇಬ್ಬರೇ ಪಾಲುದಾರರ ಸಂಸ್ಥೆ. ನನ್ನ ಕಿರಿಯ ಪಾಲುದಾರರು ಹದಿನಾರು ವರ್ಷಗಳಿಂದ ನನ್ನೊಡನಿದ್ದಾರೆ. ಅವರ ಸಾಮರ್ಥ್ಯದ ಬಗ್ಗೆ ನನಗೆ ಸಂದೇಹವಿಲ್ಲ. ಆದರೂ ಹಳೆಯ ಗಿರಾಕಿಗಳ ಕಡತಗಳನ್ನು ನಾನು ಅವರಿಗೆ ಕೊಟ್ಟಿರಲಿಲ್ಲ. ಗಿರಾಕಿಗಳು ಒಪ್ಪುವುದಿಲ್ಲ ಎಂದು ಹೇಳಿಕೊಳ್ಳುತ್ತಿದ್ದೆ. ನಿಜವಾಗಿ ಒಪ್ಪದಿದ್ದವನು ನಾನು. ಆಗಸ್ಟ್ ತಿಂಗಳಲ್ಲಿ ನೀವು ಚೀಲ ಹಿಡಿದು ಬಂದು ಹಿಂದಿರುಗಿದ್ದು ಆ ಕಾರಣಕ್ಕೆ. ನಾನು ಊರಿನಲ್ಲಿರಲಿಲ್ಲವೆಂಬ ಕಾರಣಕ್ಕಲ್ಲ.

ಹಿಂದಿರುಗಿ ಬಂದ ವಾರವೇ ನಾವಿಬ್ಬರೂ ಕುಳಿತು ಹೊಸ ಪತ್ರದ ಕರಡು ಬರೆದೆವು. ಮೂರನೆಯ ಪಾಲುದಾರರಾಗಿ ಯುವ ಲೆಕ್ಕಪರಿಶೋಧಕರೊಬ್ಬರು ಸೇರಲಿದ್ದಾರೆ. ಅರ್ಧದಷ್ಟು ಕಡತಗಳು ಈಗಾಗಲೇ ಪಕ್ಕದ ಮೇಜಿಗೆ ಹೋಗಿವೆ. ಉಳಿದವು ಎರಡು ವರ್ಷಗಳಲ್ಲಿ ಹೋಗಲಿವೆ. ನನ್ನ ಕುರ್ಚಿ ಖಾಲಿಯಾಗಿ ಕಂಡ ದಿನ, ದಯವಿಟ್ಟು ಇನ್ನು ಹಿಂದಿರುಗಬೇಡಿ. ಪಕ್ಕದ ಮೇಜಿನ ಬಳಿ ಕುಳಿತುಕೊಳ್ಳಿ.