ವಿಹಾರ ನೌಕೆಯ ಕೊಠಡಿಗಳಲ್ಲಿ ತಿಗಣೆ ಬಾಧೆ: ಪ್ರಯಾಣಿಕರ ದೂರು ಮತ್ತು ಕಾನೂನಿನ ನೆರವು

ಪ್ರಚಲಿತ ವಿಷಯ – ಗ್ರಾಹಕರ ಮಾಹಿತಿಗಾಗಿ

ಕ್ರೂಸ್ ಎಂದೇ ಜನಬಳಕೆಯಲ್ಲಿರುವ ವಿಹಾರ ನೌಕಾ ಪ್ರವಾಸವು ಕೆಲವು ವರ್ಷಗಳ ಹಿಂದಿನವರೆಗೆ ನಮ್ಮ ರಾಜ್ಯದ ಸಾಮಾನ್ಯ ಕುಟುಂಬಗಳಿಗೆ ದೂರದ ಮಾತಾಗಿತ್ತು. ಈಗ ಪರಿಸ್ಥಿತಿ ಬದಲಾಗಿದೆ. ಮುಂಬಯಿಯಿಂದ ಗೋವಾ, ಕೊಚ್ಚಿ ಮತ್ತು ಲಕ್ಷದ್ವೀಪಗಳತ್ತ ನೌಕೆಗಳು ಸಂಚರಿಸುತ್ತಿವೆ. ಸಿಂಗಪುರದಿಂದ ಹೊರಡುವ ನೌಕೆಗಳ ಟಿಕೆಟ್‌ಗಳನ್ನು ನಮ್ಮ ನಗರಗಳ ಪ್ರವಾಸಿ ಏಜೆಂಟರೇ ಮಾರಾಟ ಮಾಡುತ್ತಾರೆ. ನವ ಮಂಗಳೂರು ಬಂದರಿಗೂ ವಿದೇಶಿ ವಿಹಾರ ನೌಕೆಗಳು ಬಂದುಹೋಗುತ್ತವೆ. 2024ರ ಸೆಪ್ಟೆಂಬರ್ 30ರಂದು ಕೇಂದ್ರ ಸರ್ಕಾರವು ಆರಂಭಿಸಿದ ‘ಕ್ರೂಸ್ ಭಾರತ್ ಮಿಷನ್’ ಯೋಜನೆಯು 2029ರ ವೇಳೆಗೆ ದೇಶದ ವಿಹಾರ ನೌಕಾ ಪ್ರಯಾಣಿಕರ ಸಂಖ್ಯೆಯನ್ನು ಇಮ್ಮಡಿಗೊಳಿಸುವ ಗುರಿಯನ್ನು ಹೊಂದಿದೆ.

ಪ್ರಯಾಣಿಕರು ಹೆಚ್ಚಿದಂತೆ ದೂರುಗಳೂ ಹೆಚ್ಚುವುದು ಸಹಜ. ಹವಾನಿಯಂತ್ರಣ ಕೆಟ್ಟಿರುವುದು, ಸ್ನಾನಗೃಹದ ದುರ್ವಾಸನೆ, ಎಂಜಿನ್ನಿನ ಸದ್ದು, ಕಾಯ್ದಿರಿಸಿದ ಬಾಲ್ಕನಿ ಕೊಠಡಿಗೆ ಬದಲಾಗಿ ಕಿಟಕಿಯೇ ಇಲ್ಲದ ಒಳಕೊಠಡಿ ನೀಡುವುದು ಇವು ಸಾಮಾನ್ಯ ಬಗೆಯವು. ಇಂತಹ ಲೋಪಗಳನ್ನು ಒಂದು ಛಾಯಾಚಿತ್ರ ಅಥವಾ ಒಂದು ರಸೀದಿಯಿಂದ ತೋರಿಸಬಹುದು. ತಿಗಣೆಯ ದೂರು ಹಾಗಲ್ಲ. ಹಗಲಿನಲ್ಲಿ ಅದು ಕಣ್ಣಿಗೆ ಬೀಳುವುದಿಲ್ಲ. ಕಚ್ಚಿದ ಗುರುತು ತಡವಾಗಿ ಮೂಡುತ್ತದೆ. ಅಷ್ಟರಲ್ಲಿ ಪ್ರಯಾಣಿಕರು ನೌಕೆಯಿಂದ ಇಳಿದಿರುತ್ತಾರೆ. ವರ್ಷಗಟ್ಟಲೆ ಉಳಿಸಿದ ಹಣವನ್ನು ಐದಾರು ದಿನಗಳ ಪ್ರವಾಸಕ್ಕೆ ವಿನಿಯೋಗಿಸಿದ ಕುಟುಂಬವೊಂದು ನ್ಯಾಯವಾದ ಪರಿಹಾರವನ್ನು ಪಡೆಯುವುದೂ ಕಳೆದುಕೊಳ್ಳುವುದೂ ಬಹುಮಟ್ಟಿಗೆ ಮೊದಲ ಇಪ್ಪತ್ತನಾಲ್ಕು ಗಂಟೆಗಳಲ್ಲಿ ಏನು ಮಾಡಿತು ಎಂಬುದನ್ನು ಅವಲಂಬಿಸಿರುತ್ತದೆ. ಆದುದರಿಂದ ಈ ವಿಷಯವನ್ನು ತುಸು ವಿಸ್ತಾರವಾಗಿ ಇಲ್ಲಿ ವಿವರಿಸಲಾಗಿದೆ.

ತಿಗಣೆಯ ಸ್ವಭಾವ ಮತ್ತು ನೌಕೆಯ ರಚನೆ

ತಿಗಣೆಯು ಕೊಳಕಿನಿಂದ ಹುಟ್ಟುವ ಕೀಟವೆಂಬುದು ತಪ್ಪು ಗ್ರಹಿಕೆ. ಅದಕ್ಕೆ ಬೇಕಾದುದು ಮನುಷ್ಯನ ರಕ್ತ ಮತ್ತು ಅಡಗಲು ಒಂದು ಸಂದು ಮಾತ್ರ. ಅದು ಹಾರಲಾರದು. ಒಬ್ಬರ ಪೆಟ್ಟಿಗೆಯಿಂದ ಮತ್ತೊಬ್ಬರ ಹಾಸಿಗೆಗೆ, ಅಲ್ಲಿಂದ ಮೂರನೆಯವರ ಪೆಟ್ಟಿಗೆಗೆ ಸಾಗುತ್ತದೆ. ಆಹಾರವಿಲ್ಲದೆ ತಿಂಗಳುಗಟ್ಟಲೆ ಬದುಕುವ ಶಕ್ತಿ ಅದಕ್ಕಿದೆ. ಕಳೆದ ಶತಮಾನದ ಮಧ್ಯಭಾಗದಲ್ಲಿ ಡಿ.ಡಿ.ಟಿ. ಬಳಕೆಯಿಂದ ಅನೇಕ ದೇಶಗಳಲ್ಲಿ ತಿಗಣೆಯು ಬಹುತೇಕ ಮರೆಯಾಗಿತ್ತು. 1990ರ ದಶಕದ ಕೊನೆಯಿಂದ ಅದು ಮತ್ತೆ ಹರಡತೊಡಗಿತು. ಪ್ರವಾಸದ ಹೆಚ್ಚಳ ಮತ್ತು ಸಾಮಾನ್ಯ ಕೀಟನಾಶಕಗಳಿಗೆ ತಿಗಣೆಯು ಬೆಳೆಸಿಕೊಂಡ ನಿರೋಧ ಶಕ್ತಿ ಇದಕ್ಕೆ ಮುಖ್ಯ ಕಾರಣಗಳು. 2023ರಲ್ಲಿ ಪ್ಯಾರಿಸ್ ನಗರದಲ್ಲಿಯೂ ಅದೇ ವರ್ಷದ ಕೊನೆಯಲ್ಲಿ ದಕ್ಷಿಣ ಕೊರಿಯಾದಲ್ಲಿಯೂ ಉಂಟಾದ ಗಾಬರಿಯನ್ನು ಪತ್ರಿಕೆಗಳ ಓದುಗರು ನೆನಪಿಸಿಕೊಳ್ಳಬಹುದು.

ವಿಹಾರ ನೌಕೆಯ ವ್ಯವಸ್ಥೆಯು ಈ ಕೀಟಕ್ಕೆ ಅನುಕೂಲಕರವಾಗಿರುವುದು ದುರದೃಷ್ಟಕರ. ಬೆಳಿಗ್ಗೆ ಹಳೆಯ ಪ್ರಯಾಣಿಕರು ಇಳಿದರೆ ಅದೇ ದಿನ ಮಧ್ಯಾಹ್ನ ಹೊಸಬರು ಹತ್ತುತ್ತಾರೆ. ಈ ಕೆಲವೇ ಗಂಟೆಗಳಲ್ಲಿ ಹಾಸು ಹೊದಿಕೆಗಳನ್ನು ಬದಲಿಸಬಹುದೇ ಹೊರತು ಮಂಚದ ತಲೆಹಲಗೆಯನ್ನು ಬಿಚ್ಚಿ ಪರೀಕ್ಷಿಸಲು ಸಾಧ್ಯವಾಗುವುದಿಲ್ಲ. ತಿಗಣೆಯನ್ನು ಮೊಟ್ಟೆಸಹಿತ ನಿರ್ಮೂಲ ಮಾಡಲು ಕೊಠಡಿಯನ್ನು ಖಾಲಿ ಮಾಡಿಸಿ, ಬಿಸಿಗಾಳಿಯಿಂದ ಸುಮಾರು 50 ಡಿಗ್ರಿ ಸೆಲ್ಸಿಯಸ್ ಶಾಖವನ್ನು ಪ್ರತಿಯೊಂದು ಸಂದಿಗೂ ತಲುಪಿಸಬೇಕಾಗುತ್ತದೆ. ಹಾಗೆ ಮಾಡಿದರೆ ಕೊಠಡಿಯನ್ನು ಆ ಅವಧಿಗೆ ಮಾರಾಟ ಮಾಡುವಂತಿಲ್ಲ. ಸಂಸ್ಥೆಗಳು ಹಿಂಜರಿಯುವುದು ಇಲ್ಲಿಯೇ. ಅಕ್ಕಪಕ್ಕದ ಕೊಠಡಿಗಳ ನಡುವೆ ತೆಳುವಾದ ಫಲಕಗಳೂ ತಂತಿ ಹಾಯಿಸಿದ ರಂಧ್ರಗಳೂ ಇರುವುದರಿಂದ ಒಂದೇ ಕೊಠಡಿಗೆ ಔಷಧಿ ಸಿಂಪಡಿಸಿದರೆ ಕೀಟವು ಪಕ್ಕದ ಕೊಠಡಿಗೆ ಸರಿಯುವ ಸಂಭವವಿದೆ. ನಮ್ಮ ಹಿರಿಯರು ಮಂಚದ ಸಂದುಗಳಿಗೆ ಕುದಿಯುವ ನೀರು ಹೊಯ್ಯುತ್ತಿದ್ದುದರ ತತ್ವವೂ ಶಾಖವೇ ಆಗಿತ್ತು ಎಂಬುದನ್ನು ಇಲ್ಲಿ ಸ್ಮರಿಸಬಹುದು.

ನೈರ್ಮಲ್ಯ ಪ್ರಮಾಣಪತ್ರದ ಮಿತಿ

ದೂರು ನೀಡಿದ ಪ್ರಯಾಣಿಕರಿಗೆ “ನಮ್ಮ ನೌಕೆಗೆ ನೈರ್ಮಲ್ಯ ಪ್ರಮಾಣಪತ್ರವಿದೆ” ಎಂಬ ಉತ್ತರ ದೊರೆಯುವ ಸಾಧ್ಯತೆಯಿದೆ. ಈ ಉತ್ತರವು ನಿಜವಾಗಿದ್ದರೂ ಅಪ್ರಸ್ತುತ. 2005ರ ಅಂತಾರಾಷ್ಟ್ರೀಯ ಆರೋಗ್ಯ ನಿಯಮಾವಳಿಗಳ ಅನ್ವಯ ಬಂದರಿನ ಆರೋಗ್ಯಾಧಿಕಾರಿಗಳು ನೀಡುವ ನೌಕಾ ನೈರ್ಮಲ್ಯ ಪ್ರಮಾಣಪತ್ರಕ್ಕೆ ಆರು ತಿಂಗಳ ಅವಧಿ ಇರುತ್ತದೆ. ಸದರಿ ತಪಾಸಣೆಯ ಮುಖ್ಯ ಉದ್ದೇಶ ರೋಗ ಹರಡುವ ಇಲಿ, ಸೊಳ್ಳೆ ಮುಂತಾದವುಗಳನ್ನೂ ಕಲುಷಿತ ನೀರು ಆಹಾರಗಳನ್ನೂ ಪತ್ತೆಹಚ್ಚುವುದಾಗಿದೆ. ತಿಗಣೆಯು ಮನುಷ್ಯರಿಗೆ ಯಾವುದೇ ರೋಗವನ್ನು ಹರಡುವುದೆಂದು ಸಾಬೀತಾಗಿಲ್ಲ. ಅಮೆರಿಕದ ರೋಗ ನಿಯಂತ್ರಣ ಕೇಂದ್ರವು ನೌಕೆಗಳಿಗೆ ನೂರಕ್ಕೆ ಇಷ್ಟು ಎಂದು ಅಂಕ ನೀಡುವ ಕಾರ್ಯಕ್ರಮದಲ್ಲಿ 86 ಅಥವಾ ಅದಕ್ಕಿಂತ ಹೆಚ್ಚು ಪಡೆದರೆ ತೇರ್ಗಡೆ; ಆದರೆ ಆ ಕಾರ್ಯಕ್ರಮದ ಮುಖ್ಯ ಗುರಿ ವಾಂತಿಭೇದಿಯಂತಹ ಕಾಯಿಲೆಗಳ ತಡೆ. ಹೀಗಾಗಿ ಉತ್ತಮ ಅಂಕ ಪಡೆದ ನೌಕೆಯಲ್ಲಿಯೂ ತಿಗಣೆ ಇರಬಹುದು. ಆರೋಗ್ಯ ಕಾನೂನು ತಿಗಣೆಯನ್ನು ಕೇವಲ ಕಿರಿಕಿರಿಯೆಂದು ಬದಿಗಿರಿಸಿರುವುದರಿಂದ ಪ್ರಯಾಣಿಕರಿಗೆ ಉಳಿಯುವ ಬಲವಾದ ಆಧಾರವೆಂದರೆ ಗ್ರಾಹಕ ಕಾನೂನು.

ನೌಕೆಯಲ್ಲಿರುವಾಗಲೇ ಕೈಗೊಳ್ಳಬೇಕಾದ ಕ್ರಮ

ಕೊಠಡಿ ಪ್ರವೇಶಿಸಿದ ಕೂಡಲೇ ಪೆಟ್ಟಿಗೆಗಳನ್ನು ಸ್ನಾನಗೃಹದಲ್ಲಿರಿಸಿ, ಹಾಸಿಗೆಯ ಅಂಚಿನ ಹೊಲಿಗೆ, ತಲೆಹಲಗೆಯ ಹಿಂಭಾಗ ಹಾಗೂ ಸೋಫಾದ ಮಡಿಕೆಗಳನ್ನು ಮೊಬೈಲ್ ಫೋನಿನ ಬೆಳಕಿನಲ್ಲಿ ನೋಡುವುದು ಐದು ನಿಮಿಷದ ಕೆಲಸ. ಕಪ್ಪು ಚುಕ್ಕೆಗಳು, ಕಂದು ಬಣ್ಣದ ಪೊರೆಗಳು, ರಕ್ತದ ಸಣ್ಣ ಕಲೆಗಳು ತಿಗಣೆಯ ಗುರುತುಗಳು. ಅನುಮಾನ ಬಂದಲ್ಲಿ ಕೊಠಡಿ ಸಂಖ್ಯೆಯು ಕಾಣುವಂತೆ ಆರಂಭಿಸಿ ಹಾಸಿಗೆಯವರೆಗೆ ನಿರಂತರವಾಗಿ ವಿಡಿಯೋ ಚಿತ್ರೀಕರಿಸಿಕೊಳ್ಳುವುದು ಸೂಕ್ತ. ಬಿಡಿ ಛಾಯಾಚಿತ್ರವು ಯಾವ ಹಾಸಿಗೆಯದೆಂದು ಎದುರುದಾರರು ಪ್ರಶ್ನಿಸಬಹುದು. ನಿರಂತರ ಚಿತ್ರೀಕರಣದ ವಿರುದ್ಧ ಹಾಗೆ ಪ್ರಶ್ನಿಸುವುದು ಸುಲಭವಲ್ಲ. ಕೀಟ ಸಿಕ್ಕರೆ ಅದನ್ನು ಪಾರದರ್ಶಕ ಅಂಟುಪಟ್ಟಿಯಲ್ಲಿ ಹಿಡಿದಿಡತಕ್ಕದ್ದು.

ಕೊಠಡಿಯನ್ನು ಸ್ವಚ್ಛಗೊಳಿಸುವ ಸಿಬ್ಬಂದಿಗೆ ಬಾಯಿಮಾತಿನಲ್ಲಿ ಹೇಳಿದರೆ ಅದು ದೂರು ಎನಿಸುವುದಿಲ್ಲ. ಆ ಬಡಪಾಯಿ ನೌಕರನು ಮರುದಿನ ಬೇರೆಡೆ ನಿಯೋಜಿತನಾಗಿರಬಹುದು. ಅತಿಥಿ ಸೇವಾ ಕೌಂಟರಿನಲ್ಲಿ ಲಿಖಿತ ದೂರು ನೀಡಿ, ದಿನಾಂಕ ಮತ್ತು ವೇಳೆ ನಮೂದಿಸಿದ ಸ್ವೀಕೃತಿಯನ್ನು ಕೇಳಿ ಪಡೆಯತಕ್ಕದ್ದು. ಸ್ವೀಕೃತಿ ನೀಡಲು ನಿರಾಕರಿಸಿದಲ್ಲಿ ಅದೇ ವಿವರಗಳನ್ನು ಸಂಸ್ಥೆಗೂ ಟಿಕೆಟ್ ಮಾರಿದ ಏಜೆಂಟರಿಗೂ ಇ-ಮೇಲ್ ಮೂಲಕ ಕಳುಹಿಸಬಹುದಾಗಿದೆ. ಕಚ್ಚಿದ ಗುರುತುಗಳಿದ್ದಲ್ಲಿ ನೌಕೆಯ ವೈದ್ಯರನ್ನು ಕಂಡು ಚೀಟಿ ಪಡೆಯುವುದು ಅಗತ್ಯ. ಕೆಲವರಲ್ಲಿ ಗುರುತು ಮೂಡಲು ಹದಿನಾಲ್ಕು ದಿನಗಳವರೆಗೂ ಆಗಬಹುದಾದ್ದರಿಂದ, ಗುರುತಿಲ್ಲದ ಮಾತ್ರಕ್ಕೆ ದೂರು ಕೊಡದೆ ಸುಮ್ಮನಿರಬಾರದು. ಬದಲಿ ಕೊಠಡಿ ಕೊಡುವುದಾದರೆ ಅದು ಪಕ್ಕದ, ಮೇಲಿನ ಅಥವಾ ಕೆಳಗಿನ ಕೊಠಡಿಯಾಗಿರದಂತೆ ನೋಡಿಕೊಳ್ಳುವುದು ಒಳಿತು. ನೌಕೆಯು ಭರ್ತಿಯಾಗಿದ್ದು ಬದಲಿ ಕೊಠಡಿ ಇಲ್ಲವೆಂದರೆ ಆ ಮಾತನ್ನೂ ಬರಹದಲ್ಲಿಯೇ ಕೇಳಬೇಕು. ಮುಂದೆ ಅದೇ ಪ್ರಬಲ ಸಾಕ್ಷ್ಯವಾಗುತ್ತದೆ.

ಪ್ರವಾಸದ ಕೊನೆಯ ದಿನ ಕೆಲವು ಸಂಸ್ಥೆಗಳು ನೌಕೆಯೊಳಗಿನ ಅಂಗಡಿಗಳಲ್ಲಿ ಖರ್ಚು ಮಾಡಬಹುದಾದ ಮೊತ್ತವನ್ನೋ ಮುಂದಿನ ಪ್ರವಾಸಕ್ಕೆ ರಿಯಾಯಿತಿಯನ್ನೋ ಸೌಜನ್ಯವಾಗಿ ನೀಡುತ್ತವೆ. ಸ್ವೀಕರಿಸುವುದು ತಪ್ಪಲ್ಲ. ಆದರೆ ಅದರೊಂದಿಗೆ ಸಹಿಗೆ ಬರುವ ಕಾಗದದಲ್ಲಿ “ಪೂರ್ಣ ಮತ್ತು ಅಂತಿಮ ಇತ್ಯರ್ಥ” ಎಂಬ ಅರ್ಥದ ಮಾತು ಇದೆಯೇ ಎಂದು ಓದಿ ನೋಡಬೇಕು. ಇದ್ದಲ್ಲಿ ಆಕ್ಷೇಪಣೆಗೊಳಪಟ್ಟು ಸ್ವೀಕರಿಸಲಾಗಿದೆ ಎಂದು ಬರೆದು ಸಹಿ ಮಾಡುವುದು ಅಥವಾ ಸಹಿಯನ್ನೇ ಮಾಡದಿರುವುದು ವಿವೇಕದ ಕ್ರಮ.

ಗ್ರಾಹಕ ಸಂರಕ್ಷಣಾ ಅಧಿನಿಯಮ, 2019

2020ರ ಜುಲೈ 20ರಿಂದ ಜಾರಿಗೆ ಬಂದ ಸದರಿ ಅಧಿನಿಯಮದಲ್ಲಿ ‘ಸೇವೆ’ ಎಂಬ ಪದದ ವ್ಯಾಖ್ಯೆಯು ಸಾರಿಗೆ, ಊಟ ವಸತಿ ಹಾಗೂ ಮನರಂಜನೆಗಳನ್ನು ಒಳಗೊಂಡಿದೆ. ವಿಹಾರ ನೌಕೆಯು ಈ ಮೂರನ್ನೂ ಒಟ್ಟಿಗೆ ಮಾರುತ್ತದೆ. ಆದ್ದರಿಂದ ತಿಗಣೆಯಿರುವ ಹಾಸಿಗೆಯನ್ನು ನೀಡಿ, ದೂರು ಬಂದ ಮೇಲೂ ಕ್ರಮ ಕೈಗೊಳ್ಳದಿರುವುದನ್ನು ಸೇವಾ ನ್ಯೂನತೆ ಎಂದು ಪ್ರತಿಪಾದಿಸಲು ಅವಕಾಶವಿದೆ.

ನೌಕೆಯಲ್ಲದಿದ್ದರೂ ನಮ್ಮ ರಾಜ್ಯದ್ದೇ ಒಂದು ಪ್ರಕರಣವು ಇಲ್ಲಿ ದಾರಿ ತೋರಿಸುತ್ತದೆ. 2022ರ ಆಗಸ್ಟ್ ತಿಂಗಳಲ್ಲಿ ಮಂಗಳೂರಿನಿಂದ ಬೆಂಗಳೂರಿಗೆ ಖಾಸಗಿ ಬಸ್ಸಿನಲ್ಲಿ ಪ್ರಯಾಣಿಸಿದ ಮಹಿಳೆಯೊಬ್ಬರು ಆಸನದಲ್ಲಿದ್ದ ತಿಗಣೆಗಳ ಕಡಿತಕ್ಕೆ ಒಳಗಾದರು. ಬಸ್ಸಿನ ಸಿಬ್ಬಂದಿಗೆ ತಿಳಿಸಿದರೂ ಫಲ ದೊರೆಯಲಿಲ್ಲ. ದಕ್ಷಿಣ ಕನ್ನಡ ಜಿಲ್ಲಾ ಗ್ರಾಹಕ ವ್ಯಾಜ್ಯಗಳ ಪರಿಹಾರ ಆಯೋಗವು ಅವರಿಗೆ ಒಂದು ಲಕ್ಷ ರೂಪಾಯಿ ಪರಿಹಾರ ಸೇರಿ ಒಟ್ಟು ಸುಮಾರು 1.29 ಲಕ್ಷ ರೂಪಾಯಿ ನೀಡುವಂತೆ ಆದೇಶಿಸಿದ್ದು 2024ರ ಡಿಸೆಂಬರ್ ಕೊನೆಯಲ್ಲಿ ಪತ್ರಿಕೆಗಳಲ್ಲಿ ವರದಿಯಾಯಿತು. ಟಿಕೆಟ್ ದರ ಸುಮಾರು 850 ರೂಪಾಯಿ ಎಂಬುದನ್ನು ಗಮನಿಸತಕ್ಕದ್ದು. ಕೀಟ ಇದ್ದುದಕ್ಕಿಂತಲೂ ಹೇಳಿದ ಮೇಲೂ ಕಿವಿಗೊಡದಿದ್ದುದು ಇಂತಹ ಪ್ರಕರಣಗಳಲ್ಲಿ ದೂರುದಾರರ ಕೈ ಬಲಪಡಿಸುತ್ತದೆ.

ಟಿಕೆಟ್ ಒಪ್ಪಂದದ ಷರತ್ತುಗಳು

ವಿಹಾರ ನೌಕೆಗಳಲ್ಲಿ ಅನೇಕವು ಬಹಾಮಾಸ್, ಪನಾಮ, ಮಾಲ್ಟಾ ಮೊದಲಾದ ದೇಶಗಳಲ್ಲಿ ನೋಂದಣಿಯಾಗಿರುತ್ತವೆ. ಟಿಕೆಟ್ಟಿನೊಂದಿಗೆ ಬರುವ ಹತ್ತಾರು ಪುಟಗಳ ಒಪ್ಪಂದದಲ್ಲಿ, ವ್ಯಾಜ್ಯವನ್ನು ಇಂತಹ ದೇಶದ ಇಂತಹ ನ್ಯಾಯಾಲಯದಲ್ಲಿಯೇ ಹೂಡತಕ್ಕದ್ದೆಂಬ ಷರತ್ತು ಇರುವುದುಂಟು. ಅಮೆರಿಕದ ಸುಪ್ರೀಂ ಕೋರ್ಟ್ 1991ರಲ್ಲಿ ಕಾರ್ನಿವಲ್ ಸಂಸ್ಥೆಯ ಪ್ರಕರಣದಲ್ಲಿ ಇಂತಹ ಷರತ್ತನ್ನು ಎತ್ತಿಹಿಡಿಯಿತು. ದೇಶದ ಮತ್ತೊಂದು ತುದಿಯಲ್ಲಿದ್ದ ಪ್ರಯಾಣಿಕರು ಫ್ಲಾರಿಡಾಕ್ಕೆ ಹೋಗಿಯೇ ದಾವೆ ಹೂಡಬೇಕೆಂದಾಯಿತು. ದೂರನ್ನು ಸಂಸ್ಥೆಗೆ ಇಷ್ಟು ದಿನಗಳೊಳಗೆ ಲಿಖಿತವಾಗಿ ತಿಳಿಸಬೇಕೆಂಬ ಕಾಲಮಿತಿಯೂ ಅಂತಹ ಒಪ್ಪಂದಗಳಲ್ಲಿರುತ್ತದೆ. ಅದನ್ನು ಹತ್ತುವ ಮುನ್ನವೇ ಓದಿ ಗುರುತು ಮಾಡಿಕೊಳ್ಳುವುದು ಕ್ಷೇಮಕರ.

ಭಾರತದ ಕಾನೂನು ಗ್ರಾಹಕರಿಗೆ ಹೆಚ್ಚು ಅನುಕೂಲಕರವಾಗಿದೆ. 1986ರ ಅಧಿನಿಯಮದಡಿ ಎದುರುದಾರರ ವ್ಯವಹಾರ ಸ್ಥಳದಲ್ಲಿ ಅಥವಾ ವ್ಯಾಜ್ಯಕಾರಣ ಉದ್ಭವಿಸಿದ ಸ್ಥಳದಲ್ಲಿ ದೂರು ಸಲ್ಲಿಸಬೇಕಾಗಿತ್ತು. 2019ರ ಅಧಿನಿಯಮದ 34ನೇ ಪ್ರಕರಣದಂತೆ ದೂರುದಾರರು ವಾಸಿಸುವ ಅಥವಾ ದುಡಿಯುವ ಜಿಲ್ಲೆಯ ಆಯೋಗದಲ್ಲಿಯೇ ಸಲ್ಲಿಸಬಹುದಾಗಿದೆ. ಹುಬ್ಬಳ್ಳಿಯ ನಿವಾಸಿಯು ಮುಂಬಯಿಗೆ ಅಲೆಯಬೇಕಾಗಿಲ್ಲ. ಒಪ್ಪಂದದಲ್ಲಿ ಮಧ್ಯಸ್ಥಿಕೆ ಷರತ್ತು ಇದ್ದ ಮಾತ್ರಕ್ಕೆ ಗ್ರಾಹಕ ಆಯೋಗದ ಬಾಗಿಲು ಮುಚ್ಚುವುದಿಲ್ಲವೆಂದು ನಮ್ಮ ಸುಪ್ರೀಂ ಕೋರ್ಟ್ 2018ರಲ್ಲಿ ಸ್ಪಷ್ಟಪಡಿಸಿದೆ. ಆದರೂ ಭಾರತದಲ್ಲಿ ಕಚೇರಿಯಾಗಲಿ ಆಸ್ತಿಯಾಗಲಿ ಇಲ್ಲದ ವಿದೇಶಿ ಸಂಸ್ಥೆಯ ವಿರುದ್ಧ ಆದೇಶ ದೊರೆತರೂ ಅದರ ಜಾರಿ ಕಷ್ಟಸಾಧ್ಯವೆಂಬುದನ್ನು ಮರೆಮಾಚುವಂತಿಲ್ಲ. ಈ ಕಾರಣದಿಂದ ಇಲ್ಲಿ ಹಣ ಪಡೆದು ರಸೀದಿ ನೀಡಿದ ಏಜೆಂಟರನ್ನೂ ಎದುರುದಾರರನ್ನಾಗಿ ಸೇರಿಸುವುದು ಸೂಕ್ತ. ಜಾಲತಾಣದಲ್ಲಿ ನೇರವಾಗಿ ವಿದೇಶಿ ಸಂಸ್ಥೆಗೆ ಹಣ ಪಾವತಿಸಿ ಕೆಲವು ಸಾವಿರ ರೂಪಾಯಿ ಉಳಿಸುವವರು ಈ ಆಸರೆಯನ್ನು ಬಿಟ್ಟುಕೊಡುತ್ತಿದ್ದಾರೆಂಬುದು ನಮ್ಮ ಅಭಿಪ್ರಾಯ.

ದೂರು ಸಲ್ಲಿಸುವ ಕ್ರಮ

ಮೊದಲ ಹಂತದಲ್ಲಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಕನ್ನಡದಲ್ಲಿಯೂ ಸೇವೆ ಲಭ್ಯವಿರುತ್ತದೆ. ಇದು ವ್ಯಾಜ್ಯಪೂರ್ವ ಸಂಧಾನದ ವ್ಯವಸ್ಥೆಯಾಗಿದ್ದು, ಆದೇಶ ಹೊರಡಿಸುವ ಅಧಿಕಾರ ಇದಕ್ಕಿರುವುದಿಲ್ಲ. ಸಂಧಾನ ಫಲಿಸದಿದ್ದಲ್ಲಿ ಜಿಲ್ಲಾ ಆಯೋಗಕ್ಕೆ ಖುದ್ದಾಗಿ ಅಥವಾ 2025ರ ಜನವರಿಯಿಂದ ಆರಂಭವಾಗಿರುವ ಇ-ಜಾಗೃತಿ ಜಾಲತಾಣದ ಮೂಲಕ ದೂರು ಸಲ್ಲಿಸಬಹುದಾಗಿದೆ. ಸೇವೆಗಾಗಿ ಪಾವತಿಸಿದ ಮೊತ್ತವು 50 ಲಕ್ಷ ರೂಪಾಯಿ ಮೀರದ ಪ್ರಕರಣಗಳು ಜಿಲ್ಲಾ ಆಯೋಗದ ವ್ಯಾಪ್ತಿಗೆ ಬರುತ್ತವೆ. ಐದು ಲಕ್ಷ ರೂಪಾಯಿವರೆಗೆ ಶುಲ್ಕವಿಲ್ಲ. ವಕೀಲರನ್ನು ನೇಮಿಸುವುದು ಕಡ್ಡಾಯವಲ್ಲ. ವ್ಯಾಜ್ಯಕಾರಣ ಉಂಟಾದ ದಿನದಿಂದ ಎರಡು ವರ್ಷಗಳೊಳಗೆ ದೂರು ಸಲ್ಲಿಸತಕ್ಕದ್ದು.

ವಿಚಾರಣೆಯು ಪ್ರಮಾಣಪತ್ರ ಮತ್ತು ದಾಖಲೆಗಳ ಆಧಾರದ ಮೇಲೆ ನಡೆಯುತ್ತದೆ. ಆದಕಾರಣ ಟಿಕೆಟ್, ಹಣ ಪಾವತಿಯ ರಸೀದಿ, ನೌಕೆಯಲ್ಲಿ ನೀಡಿದ ದೂರಿನ ಪ್ರತಿ, ವೈದ್ಯರ ಚೀಟಿ ಮತ್ತು ಇ-ಮೇಲ್ ಪ್ರತಿಗಳನ್ನು ದಿನಾಂಕವಾರು ಜೋಡಿಸಿಟ್ಟುಕೊಳ್ಳಬೇಕು. ಛಾಯಾಚಿತ್ರ ಮತ್ತು ವಿಡಿಯೋಗಳ ಮೂಲ ಕಡತಗಳನ್ನು ಫೋನಿನಿಂದ ಅಳಿಸಬಾರದು. ವಾಟ್ಸ್ಆ್ಯಪ್‌ನಲ್ಲಿ ಕಳುಹಿಸಿದ ಪ್ರತಿಯಲ್ಲಿ ತೆಗೆದ ದಿನಾಂಕ ಮತ್ತು ವೇಳೆಯ ವಿವರಗಳು ಉಳಿದಿರುವ ಭರವಸೆಯಿಲ್ಲ. ಪರಿಹಾರದ ಮೊತ್ತವನ್ನು ಬಾಯಿಗೆ ಬಂದಂತೆ ನಮೂದಿಸುವುದರಿಂದ ಪ್ರಯೋಜನವಿಲ್ಲ. ಬಳಸಲಾಗದ ರಾತ್ರಿಗಳ ಬಾಡಿಗೆ, ಚಿಕಿತ್ಸಾ ವೆಚ್ಚ, ಹಾಳಾದ ಬಟ್ಟೆಗಳ ಬೆಲೆ, ಮಾನಸಿಕ ಯಾತನೆ ಹೀಗೆ ಬಿಡಿಬಿಡಿಯಾಗಿ ಲೆಕ್ಕ ತೋರಿಸಿದ ದೂರುಗಳಿಗೆ ಹೆಚ್ಚಿನ ತೂಕವಿರುತ್ತದೆ.

ಮನೆಗೆ ಮರಳಿದ ಮೇಲೆ

ಪೆಟ್ಟಿಗೆಗಳನ್ನು ಮಲಗುವ ಕೋಣೆಗೆ ಒಯ್ಯದೆ ಹೊರಗೇ ತೆರೆಯತಕ್ಕದ್ದು. ಬಟ್ಟೆಗಳನ್ನು ಬಿಸಿ ನೀರಿನಲ್ಲಿ ಒಗೆಯಬೇಕು. ಒಣಗಿಸುವ ಯಂತ್ರವಿದ್ದಲ್ಲಿ ಹೆಚ್ಚಿನ ಶಾಖದಲ್ಲಿ ಅರ್ಧ ಗಂಟೆ ಒಣಗಿಸುವುದರಿಂದ ಕೀಟವೂ ಮೊಟ್ಟೆಯೂ ನಾಶವಾಗುತ್ತವೆ. ಹಾಸಿಗೆ, ಪೆಟ್ಟಿಗೆಗಳನ್ನು ಮಾಳಿಗೆಯ ಬಿಸಿಲಿಗೆ ಹಾಕುವ ನಮ್ಮ ರೂಢಿ ಒಳ್ಳೆಯದೇ ಆದರೂ, ತಿಗಣೆಯು ನೆರಳಿನ ಬದಿಗೆ ಸರಿದು ಬದುಕುಳಿಯುವುದರಿಂದ ಅಷ್ಟಕ್ಕೇ ತೃಪ್ತರಾಗುವಂತಿಲ್ಲ. ಕೀಟವು ಮನೆಯಲ್ಲಿ ನೆಲೆಸಿದ್ದು ಕಂಡುಬಂದರೆ ಪರವಾನಗಿ ಹೊಂದಿದ ಕೀಟ ನಿಯಂತ್ರಣ ಸಂಸ್ಥೆಯಿಂದ ತಪಾಸಣೆ ಮಾಡಿಸಿ, ತಪಾಸಣಾ ವರದಿಯನ್ನೂ ಬಿಲ್ಲನ್ನೂ ಪಡೆದಿಟ್ಟುಕೊಳ್ಳತಕ್ಕದ್ದು. ಸದರಿ ವೆಚ್ಚವನ್ನೂ ಆಯೋಗದ ಮುಂದಿನ ದೂರಿನಲ್ಲಿ ಕ್ಲೇಮು ಮಾಡಬಹುದಾಗಿದೆ.