ಅಗಸಿಯ ನಾಯಿಗೆ ದಿಕ್ಕು ಯಾರು?



ಸುಗ್ಗಿ ಮುಗಿದು ಬಿಸಿಲು ಏರತೊಡಗಿದ ಮೇಲೆ ದೇವದುರ್ಗ ತಾಲೂಕಿನ ಹಳ್ಳಿಗಳಲ್ಲಿ ಒಂದು ನೋಟ ಕಣ್ಣಿಗೆ ಬೀಳುತ್ತದೆ. ಕಾಲುವೆಯ ನೀರು ಮುಟ್ಟದ ಹೊಲದವರು ಗಂಟುಮೂಟೆ ಕಟ್ಟಿಕೊಂಡು ಬೆಂಗಳೂರಿಗೋ ಪುಣೆಗೋ ಗುಳೆ ಹೊರಡುತ್ತಾರೆ. ಕೂಸುಗಳನ್ನು ಕಂಕುಳಿಗೆ ಏರಿಸಿಕೊಳ್ಳುತ್ತಾರೆ. ಎಮ್ಮೆ ಇದ್ದರೆ ನೆಂಟರ ಮನೆಯಲ್ಲಿ ಕಟ್ಟಿ ಬರುತ್ತಾರೆ. ನಾಯಿಯ ವಿಚಾರ ಮಾತ್ರ ಯಾರಿಗೂ ನೆನಪಾಗುವುದಿಲ್ಲ. ಅದು ವಾಹನದ ಹಿಂದೆ ಊರ ಅಗಸಿಯವರೆಗೆ, ಕೆಲವೊಮ್ಮೆ ಡಾಂಬರು ರಸ್ತೆಯವರೆಗೂ ಓಡಿ, ನಾಲಿಗೆ ಹೊರಚಾಚಿ ನಿಂತು, ತಿರುಗಿ ಬಂದು ಬೀಗ ಹಾಕಿದ ಬಾಗಿಲ ಮುಂದೆ ಮಲಗುತ್ತದೆ. ನಾಲ್ಕು ದಿನ ಮಲಗುತ್ತದೆ. ಐದನೆಯ ದಿನ ಹಸಿವು ಎಬ್ಬಿಸುತ್ತದೆ. ಅಂದಿನಿಂದ ಅದಕ್ಕೆ ಬೀದಿನಾಯಿ ಎಂದು ಹೆಸರು.

ಹೊಟ್ಟೆಪಾಡಿಗೆ ಹೋದವರನ್ನು ದೂರಲು ನಮಗೆ ಬಾಯಿಲ್ಲ. ಬರಗಾಲದ ನೆಲದಲ್ಲಿ ಹುಟ್ಟಿದವರ ಕಷ್ಟ ಅನುಭವಿಸಿದವರಿಗೇ ಗೊತ್ತು. ಆದರೆ ಊರಲ್ಲೇ ಉಳಿದ ನಾವು, ಹತ್ತು ಎಕರೆ ಗದ್ದೆ ಇದ್ದವರು, ಮಠದ ಪಂಕ್ತಿಯಲ್ಲಿ ಮುಂದೆ ಕೂಡುವವರು, ಆ ಪ್ರಾಣಿಯನ್ನು ಹೇಗೆ ಕಾಣುತ್ತೇವೆ? ಶ್ರಾವಣದ ಪುರಾಣದಲ್ಲಿ ಹಾವಿನಹಾಳ ಕಲ್ಲಯ್ಯನವರು ನಾಯಿಯ ಬಾಯಿಂದ ವೇದ ಓದಿಸಿದ ಪ್ರಸಂಗ ಬಂದಾಗ ಚಪ್ಪಾಳೆ ತಟ್ಟುತ್ತೇವೆ. ಪುರಾಣ ಮುಗಿದು ಹೊರಗೆ ಬಂದಾಗ ಚಪ್ಪಲಿಯ ಬಳಿ ನಾಯಿ ಮಲಗಿದ್ದರೆ ಅದೇ ಚಪ್ಪಲಿಯಿಂದ ಬೀಸುತ್ತೇವೆ. ನಮ್ಮ ಸೀಮೆಯ ಗೊರವಯ್ಯನವರು ಮೈಲಾರಲಿಂಗನ ನಾಯಿಗಳೆಂದು ಬೊಗಳಿ, ದೋಣಿಯಲ್ಲಿ ಹಾಕಿದ್ದನ್ನು ಬಾಯಿಟ್ಟು ಉಂಡು ಸೇವೆ ಸಲ್ಲಿಸುವುದನ್ನು ಹಿರಿಯರೆಲ್ಲ ಕಂಡಿದ್ದೀರಿ. ಅಲ್ಲಿ ಕೈಮುಗಿಯುತ್ತೇವೆ. ನಿಜವಾದ ನಾಯಿ ಬಂದರೆ ಕಲ್ಲು ಹುಡುಕುತ್ತೇವೆ.

ಈ ಮಾತಿಗೆ ಪೀಠಿಕೆಯಾಗಿ ಹೊರದೇಶದ ಒಬ್ಬ ತಾಯಿಯ ಕಥೆಯನ್ನು ತಮ್ಮ ಮುಂದಿಡಬೇಕೆಂದಿದ್ದೇವೆ. ಇಂಗ್ಲೆಂಡಿನ ಕ್ರಿಸ್ಟಲ್ ರೋಜರ್ಸ್ ಎಂಬವರು 1906ರಲ್ಲಿ ಹುಟ್ಟಿದವರು. 1959ರಲ್ಲಿ, ಐವತ್ತು ದಾಟಿದ ವಯಸ್ಸಿನಲ್ಲಿ, ನ್ಯೂಜಿಲೆಂಡಿಗೆ ಹೋಗಿ ನೆಲೆಸಬೇಕೆಂದು ಹೊರಟವರು ದಾರಿಯಲ್ಲಿ ನಮ್ಮ ದೇಶಕ್ಕೆ ಬಂದರು. ಇಲ್ಲಿ ರಸ್ತೆಯ ಬದಿಯಲ್ಲಿ ನರಳುತ್ತಿದ್ದ ಒಂದು ಕುದುರೆಯನ್ನು ಕಂಡರು. ಜನ ಹಾದುಹೋಗುತ್ತಿದ್ದರು. ಈ ತಾಯಿಗೆ ಹಾದುಹೋಗಲು ಆಗಲಿಲ್ಲ. ನ್ಯೂಜಿಲೆಂಡಿನ ಪ್ರಯಾಣ ಅಲ್ಲಿಗೇ ನಿಂತಿತು. ದಿಲ್ಲಿಯಲ್ಲಿ ಪ್ರಾಣಿಗಳಿಗೊಂದು ಆಸರೆ ಕಟ್ಟಿದರು. ಆಮೇಲೆ 1980ರಲ್ಲಿ ಜೈಪುರದಲ್ಲಿ ಇನ್ನೊಂದು. ಅಷ್ಟಕ್ಕೆ ಸಾಕೆನ್ನದೆ 1991ರಲ್ಲಿ, ಎಂಬತ್ತೈದರ ಆಸುಪಾಸಿನ ವಯಸ್ಸಿನಲ್ಲಿ, ನಮ್ಮ ಬೆಂಗಳೂರಿನಲ್ಲಿ ಮೂರನೆಯದನ್ನು ಆರಂಭಿಸಿದರು. ಆ ವಯಸ್ಸಿನಲ್ಲಿ ನಮ್ಮವರು ಕಟ್ಟೆ ಬಿಟ್ಟು ಏಳುವುದಿಲ್ಲ. 1996ರಲ್ಲಿ ಅವರು ತೀರಿಕೊಂಡರು. ಬೀದಿಯ ನಾಯಿಗಳಿಗಾಗಿ ಮನೆ, ಊರು, ದೇಶ ಬಿಟ್ಟ ಅವರನ್ನು ಹುಚ್ಚಿ ಎಂದವರು ಕಡಿಮೆ ಇರಲಾರರು. ಅವರ ಆತ್ಮಕಥೆಯ ಹೆಸರಲ್ಲೇ ಹುಚ್ಚುನಾಯಿಗಳೂ ಇಂಗ್ಲಿಷ್ ಹೆಂಗಸೂ ಜೊತೆಜೊತೆಗೆ ಇದ್ದಾರೆ.

ಬೆಂಗಳೂರಿನ ಆ ಸಂಸ್ಥೆಯನ್ನು ಜನ ಚುಟುಕಾಗಿ ಕ್ಯೂಪಾ ಎನ್ನುತ್ತಾರೆ. ಇಂಗ್ಲಿಷಿನ ಅದರ ಪೂರ್ತಿ ಹೆಸರನ್ನು ಕನ್ನಡದಲ್ಲಿ ಹೇಳುವುದಾದರೆ, ಎಲ್ಲೆಯಿಲ್ಲದ ಕರುಣೆ, ಅದರ ಜೊತೆಗೆ ಕ್ರಿಯೆ. ಈ ಹೆಸರು ಕೇಳಿದಾಗ ನಮಗೆ ಆಶ್ಚರ್ಯವಾಯಿತು. ಶರಣರು ದಾಸೋಹವನ್ನೂ ಕಾಯಕವನ್ನೂ ಒಂದಕ್ಕೊಂದು ಹೆಣೆದು ಹೇಳಿದ್ದನ್ನು ಆ ತಾಯಿ ಓದಿದ್ದರೋ ಇಲ್ಲವೋ, ಓದಿದ ನಮಗಿಂತ ಚೆನ್ನಾಗಿ ನಡೆದು ತೋರಿಸಿದರು.

ಬರೀ ಕರುಣೆಯಿಂದ ಆಗುವ ಕೇಡನ್ನೂ ಹೇಳಲೇಬೇಕು. ರಾಯಚೂರು ನಗರದಲ್ಲಿ ಕೆಲವು ಸಜ್ಜನರು ರಾತ್ರಿ ಪಾತ್ರೆಯಲ್ಲಿ ಅನ್ನ ತಂದು ಓಣಿಯ ನಾಯಿಗಳಿಗೆ ಸುರಿಯುತ್ತಾರೆ. ಪುಣ್ಯದ ಕೆಲಸವೇ. ಆದರೆ ಒಂದು ಹೆಣ್ಣುನಾಯಿ ವರ್ಷಕ್ಕೆ ಎರಡು ಸಲ ಮರಿ ಹಾಕಬಲ್ಲದು, ಒಂದು ಸೂಲಿಗೆ ನಾಲ್ಕಾರು ಮರಿ. ಅನ್ನ ಹಾಕಿ, ಸೂಜಿ ಹಾಕಿಸದೆ, ಸಂತಾನಹರಣ ಮಾಡಿಸದೆ ಬಿಟ್ಟರೆ ಮುಂದಿನ ವರ್ಷ ಆ ಓಣಿಯಲ್ಲಿ ಏನಾಗಬೇಕು? ಅದರ ಎದುರು ಪಕ್ಷದವರು, ಎಲ್ಲವಕ್ಕೂ ವಿಷ ಇಟ್ಟುಬಿಡಿ ಎನ್ನುತ್ತಾರೆ. ಅದು ಪಾಪ ಎಂಬುದು ಹಾಗಿರಲಿ, ಅಪರಾಧವೂ ಹೌದು, 1960ರ ಕಾಯಿದೆಯೇ ಇದೆ. ಅಲ್ಲದೆ ಅದರಿಂದ ಉಪಯೋಗವೂ ಇಲ್ಲ. ತಿಪ್ಪೆಯಲ್ಲಿ ಕೂಳು ಇರುವತನಕ ಸತ್ತ ನಾಯಿಯ ಜಾಗಕ್ಕೆ ಪಕ್ಕದ ಓಣಿಯ ನಾಯಿ ಬರುತ್ತದೆ. ಬರುವಾಗ ಅದಕ್ಕೆ ಲಸಿಕೆ ಆಗಿರುವುದಿಲ್ಲ.

ಕ್ರಿಯೆ ಎಂದರೆ ಏನೆಂಬುದನ್ನು ನೋಡಬೇಕಾದರೆ ನೆರೆಯ ಗೋವೆಗೆ ಹೋಗಬೇಕು. ಅಲ್ಲಿ ಸರ್ಕಾರದ ಜೊತೆ ಮಿಷನ್ ರೇಬಿಸ್ ಎಂಬ ಸಂಸ್ಥೆ ಕೈಗೂಡಿಸಿತು. ಇಂಗ್ಲೆಂಡಿನ ಪಶುವೈದ್ಯ ಲ್ಯೂಕ್ ಗ್ಯಾಂಬಲ್ 2013ರಲ್ಲಿ ಆರಂಭಿಸಿದ್ದು ಅದು. ಹೊರದೇಶಗಳಿಂದ ಪಶುವೈದ್ಯರು, ವಿದ್ಯಾರ್ಥಿಗಳು ತಮ್ಮ ರಜೆಯಲ್ಲಿ, ತಮ್ಮ ಖರ್ಚಿನಲ್ಲಿ ಬಂದು ಬಿಸಿಲಲ್ಲಿ ಬಲೆ ಹಿಡಿದು ಓಣಿ ಓಣಿ ತಿರುಗಿದರು. ನಾಯಿ ಹಿಡಿಯುವುದು, ಸೂಜಿ ಹಾಕುವುದು, ಬಣ್ಣದ ಗುರುತು ಹಚ್ಚಿ ಅಲ್ಲೇ ಬಿಡುವುದು. ನೂರಕ್ಕೆ ಎಪ್ಪತ್ತು ನಾಯಿಗಳಿಗೆ ಲಸಿಕೆ ಮುಟ್ಟಿದರೆ ರೋಗದ ಸರಪಳಿ ಕಡಿಯುತ್ತದೆಂಬುದು ಅವರ ಲೆಕ್ಕ. ಲೆಕ್ಕ ಸುಳ್ಳಾಗಲಿಲ್ಲ. ಮನುಷ್ಯರು ನಾಯಿಕಡಿತದ ರೋಗದಿಂದ ಸಾಯುವುದು ನಿಂತು, 2021ರಲ್ಲಿ ಗೋವೆಯನ್ನು ರೇಬಿಸ್ ನಿಯಂತ್ರಿತ ರಾಜ್ಯವೆಂದು ಘೋಷಿಸಲಾಯಿತು. ಪರದೇಶದ ಹುಡುಗರು ನಮ್ಮ ನಾಯಿಗೆ ಮಾಡಿದ ಉಪಕಾರ ನಮ್ಮ ಮಕ್ಕಳ ಪ್ರಾಣ ಉಳಿಸಿತು ನೋಡಿರಿ.

ಮಕ್ಕಳ ಪ್ರಾಣದ ಮಾತು ಬಂತು. ಇದನ್ನು ಹೇಳುವುದಕ್ಕೇ ಈ ಸಲ ಲೇಖನಿ ಹಿಡಿದಿದ್ದೇವೆ. ಹಿಂದೊಮ್ಮೆ ಮಾನ್ವಿ ಕಡೆಯ ಒಬ್ಬ ಅಜ್ಜಿ ಏಳೆಂಟು ವರ್ಷದ ಮೊಮ್ಮಗನನ್ನು ಕರೆದುಕೊಂಡು ಬಂದಳು. ಮೀನಖಂಡಕ್ಕೆ ನಾಯಿ ಬಾಯಿ ಹಾಕಿತ್ತು. ಗಾಯಕ್ಕೆ ಖಾರದಪುಡಿ, ಸುಣ್ಣ ಮೆತ್ತಿದ್ದರು. ನಮ್ಮ ಪೂಜೆ ನಡೆದಿತ್ತು, ಮುಗಿಯಲೆಂದು ಆಕೆ ಮುಕ್ಕಾಲು ತಾಸು ಕಾದು ಕುಳಿತಳು. ಪೂಜೆಯಿಂದ ಎದ್ದ ಮೇಲೆ, "ಯಪ್ಪಾ, ಮಂತ್ರಿಸಿ ಒಂದೀಟು ಈಬತ್ತಿ ಕೊಡ್ರಿ, ಒಂದು ತಾಯತ ಕಟ್ರಿ, ಹುಚ್ಚು ಏರಬಾರದು" ಎಂದಳು. ಪೂಜೆಯ ನಡುವೆಯೇ ಎದ್ದು ಬಂದು ಕೂಸಿನ ಕಾಲು ತೊಳೆಯಬೇಕಿತ್ತು ಎಂಬ ಅರಿವು ನಮಗೆ ಆಗ ಬಂದದ್ದು. ಆ ಮುಕ್ಕಾಲು ತಾಸಿನ ತಪ್ಪು ನಮ್ಮದು. ವಿಭೂತಿಯನ್ನು ಹಣೆಗೆ ಹಚ್ಚಿದೆವು, ಗಾಯಕ್ಕಲ್ಲ. ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ಕಾಲು ತೊಳೆಸಿ, ಮಠದ ಗಾಡಿಯಲ್ಲೇ ಆಸ್ಪತ್ರೆಗೆ ಕಳಿಸಿದೆವು. ಅಜ್ಜಿ ಮೊದಲು ಒಪ್ಪಲಿಲ್ಲ. "ಹೊಟ್ಟಿಗೆ ಹದಿನಾಕು ಸೂಜಿ ಚುಚ್ತಾರಂತ" ಎಂದು ಅಳತೊಡಗಿದಳು.

ಆ ಹದಿನಾಲ್ಕು ಸೂಜಿಯ ಭಯ ನಮ್ಮ ಹಿರಿಯರ ಎದೆಯಿಂದ ಇನ್ನೂ ಹೋಗಿಲ್ಲ. ಕುರಿಯ ಮೆದುಳಿನಿಂದ ತಯಾರಿಸುತ್ತಿದ್ದ ಆ ಹಳೆಯ ಲಸಿಕೆ ನಮ್ಮ ದೇಶದಲ್ಲಿ ನಿಂತು ಇಪ್ಪತ್ತು ವರ್ಷವಾಯಿತು. ಈಗಿನ ಸೂಜಿ ತೋಳಿಗೆ. ಮೊದಲ ದಿನ, ಅಲ್ಲಿಂದ 3, 7, 28ನೆಯ ದಿನ ಎಂದು ಸಾಮಾನ್ಯವಾಗಿ ಗೊತ್ತುಮಾಡುತ್ತಾರೆ. ರಕ್ತ ಬಂದ ಗಾಯವಾದರೆ ಗಾಯದ ಸುತ್ತ ಇನ್ನೊಂದು ಔಷಧಿ ಚುಚ್ಚುತ್ತಾರೆ, ಅದನ್ನು ಬಿಡಬಾರದು. ಸರ್ಕಾರಿ ಆಸ್ಪತ್ರೆಯಲ್ಲಿ ಇದಕ್ಕೆ ದುಡ್ಡಿಲ್ಲ. ಹುಚ್ಚುನಾಯಿಯ ವಿಷವೆಂದರೆ ದೆವ್ವವೂ ಅಲ್ಲ, ಗ್ರಹಚಾರವೂ ಅಲ್ಲ. ಜೊಲ್ಲಿನಲ್ಲಿರುವ ಒಂದು ವೈರಾಣು. ಗಾಯದಿಂದ ನರ ಹಿಡಿದು ನಿಧಾನವಾಗಿ ಮೆದುಳಿಗೆ ಏರುತ್ತದೆ. ಏರಲು ವಾರಗಳೋ ತಿಂಗಳುಗಳೋ ಬೇಕು. ಆ ಅವಧಿಯೇ ನಮಗೆ ಸಿಗುವ ಅವಕಾಶ. ನೀರು ಕಂಡರೆ ಹೆದರುವ ಹಂತ ಬಂದ ಮೇಲೆ ವೈದ್ಯರ ಕೈಯಲ್ಲೂ ಏನೂ ಇಲ್ಲ, ಸ್ವಾಮಿಗಳ ಕೈಯಲ್ಲೂ ಏನೂ ಇಲ್ಲ. ಫ್ರಾನ್ಸಿನ ಲೂಯಿ ಪಾಶ್ಚರ್ 1885ರ ಜುಲೈ 6ರಂದು ಒಂಬತ್ತು ವರ್ಷದ ಹುಡುಗನಿಗೆ ಮೊದಲ ಸೂಜಿ ಹಾಕಿ ಬದುಕಿಸಿದ. ಅದಾಗಿ ನೂರನಲವತ್ತು ವರ್ಷ. ಆದರೂ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 59 ಸಾವಿರ ಜನ ಇದರಿಂದ ಸಾಯುತ್ತಾರೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಅವರಲ್ಲಿ ನೂರಕ್ಕೆ ನಲವತ್ತು ಮಂದಿ ಹದಿನೈದರೊಳಗಿನ ಮಕ್ಕಳು. ದೊಡ್ಡವರಿಗೆ ಹೇಳಿದರೆ ಬೈಯುತ್ತಾರೆಂದು ಮಕ್ಕಳು ಕಚ್ಚಿಸಿಕೊಂಡದ್ದನ್ನು ಮುಚ್ಚಿಡುತ್ತಾರೆ. ಮನೆಯಲ್ಲಿ ಹಾಗೆ ಬೈಯಬೇಡಿರಿ.

ನಮ್ಮ ಸೀಮೆಯಲ್ಲಿ ನಾಯಿಕಡಿತಕ್ಕೆ ಬೇರು, ಸೊಪ್ಪು ಅರೆದು ಕೊಡುವ ಮನೆತನಗಳಿವೆ. ಅವರು ವಂಚಕರೆಂದು ನಾವು ಹೇಳುವುದಿಲ್ಲ. ಬಹುಮಂದಿ ಕಾಸು ಮುಟ್ಟದೆ ಕೊಡುತ್ತಾರೆ. ಕಚ್ಚುವ ನಾಯಿಗಳಲ್ಲಿ ಹೆಚ್ಚಿನವಕ್ಕೆ ರೋಗ ಇರುವುದಿಲ್ಲವಾದ್ದರಿಂದ ಔಷಧಿ ಫಲಿಸಿತೆಂದು ಅವರೂ ನಂಬಿದ್ದಾರೆ, ನೀವೂ ನಂಬಿದ್ದೀರಿ. ರೋಗದ ನಾಯಿ ಕಚ್ಚಿದ ದಿನ ಆ ನಂಬಿಕೆಗೆ ಒಂದು ಕೂಸು ಬೆಲೆ ತೆರುತ್ತದೆ. ಆ ಮನೆಯ ಹಿರಿಯರಲ್ಲಿ ನಮ್ಮದು ಒಂದೇ ಬಿನ್ನಹ. ಸೊಪ್ಪು ಕೊಡುವ ಮೊದಲು ಆಸ್ಪತ್ರೆಯ ಚೀಟಿ ಕೇಳಿರಿ. ಮಠಗಳ ಸ್ವಾಮಿಗಳೂ ತಾಯತ ಕಟ್ಟುವ ಮೊದಲು ಅದೇ ಚೀಟಿ ಕೇಳಲಿ.

ಈಗ ನ್ಯಾಯಾಲಯದ ಮಾತು ಎಲ್ಲರ ಬಾಯಲ್ಲಿದೆ. 2025ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟು ದಿಲ್ಲಿಯ ನಾಯಿಗಳನ್ನೆಲ್ಲ ಹಿಡಿದು ಕೂಡಿಹಾಕಲು ಹೇಳಿ, ಹನ್ನೊಂದು ದಿನದಲ್ಲಿ ಅದನ್ನು ತಿದ್ದಿ, ಲಸಿಕೆ ಮತ್ತು ಸಂತಾನಹರಣ ಮಾಡಿ ಹಿಡಿದಲ್ಲಿಯೇ ಬಿಡಬೇಕು, ರೋಗದ ಮತ್ತು ಮೇಲೇರಿ ಬರುವ ನಾಯಿಗಳನ್ನು ಬಿಡಬಾರದು ಎಂದಿತು. ನವೆಂಬರಿನಲ್ಲಿ ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣ, ರೈಲು ನಿಲ್ದಾಣಗಳ ಆವರಣದಲ್ಲಿ ಬೀದಿನಾಯಿ ಇರಕೂಡದು, ಅವನ್ನು ಆಸರೆಮನೆಗೆ ಸಾಗಿಸಬೇಕು ಎಂದಿತು. ಆಸರೆಮನೆ ಎಂದು ಬರೆಯುವುದು ಸುಲಭ. ಅಲ್ಲಿ ಕಸ ಬಳಿಯುವವರು ಯಾರು, ಹುಣ್ಣು ತೊಳೆಯುವವರು ಯಾರು? ರಾಯಚೂರು ಈಗ ಮಹಾನಗರ ಪಾಲಿಕೆಯಾಗಿದೆ, ಕೆಲಸವೂ ಹೊಣೆಯೂ ಅದರದ್ದೇ, ಕೇಳುವ ಹಕ್ಕು ನಮಗಿದೆ. ಆದರೆ ಸಂಬಳಕ್ಕೆ ಬಂದವನು ಮುಟ್ಟದ ಹುಣ್ಣನ್ನು ಮುಟ್ಟಲು ಕ್ರಿಸ್ಟಲ್ ರೋಜರ್ಸ್ ಅವರಂಥ ಇನ್ನೊಬ್ಬರು ಹಡಗು ಹತ್ತಿ ಬರಲೆಂದು ತೀನ್ ಕಂದೀಲಿನಲ್ಲಿ ನಿಂತು ಕಾಯುವುದೇ?

ನಮ್ಮ ಯುವಕರು ಜಾತ್ರೆಯಲ್ಲಿ ತೇರು ಎಳೆಯುತ್ತಾರೆ, ದಾಸೋಹದಲ್ಲಿ ಸಾವಿರ ಜನಕ್ಕೆ ಬಡಿಸುತ್ತಾರೆ. ಅವರಲ್ಲಿ ಹತ್ತು ಜನ ವರ್ಷಕ್ಕೆ ಎರಡು ದಿನ ಪಶುವೈದ್ಯರ ಜೊತೆ ನಿಂತು ಊರ ನಾಯಿಗಳಿಗೆ ಸೂಜಿ ಹಾಕಿಸಲಿ. ನಾಯಿ ಹಿಡಿಯುವ ಮೊದಲು ತಾವೂ ಲಸಿಕೆ ಹಾಕಿಸಿಕೊಳ್ಳಲಿ, ಕಲಿತವರಿಂದ ಹಿಡಿಯುವುದನ್ನು ಕಲಿಯಲಿ. ದಾಸೋಹದ ಎಂಜಲೆಲೆಯನ್ನು ಮಠದ ಹಿಂದೆ ಚೆಲ್ಲುವ ರೂಢಿಯನ್ನು ನಾವೂ ಬಿಡಬೇಕಾಗಿದೆ. ನಾಯಿಗಳನ್ನು ಗುಂಪುಗೂಡಿಸುವುದೇ ಅದು. ಗುಳೆ ಹೊರಡುವವರು ಮನೆಯ ಕೀಲಿಯನ್ನು ಪಕ್ಕದವರ ಕೈಗೆ ಕೊಡುವಾಗ, "ನಾಯಿಗೊಂದು ತುತ್ತು ಹಾಕವ್ವಾ" ಎಂದು ಹೇಳಿ ಹೋಗಲಿ.

ಮಾನ್ವಿಯ ಆ ಹುಡುಗ ನಾಲ್ಕೂ ಸೂಜಿ ಮುಗಿಸಿದ. 28ನೆಯ ದಿನದ ಸೂಜಿಗೆ ಅಜ್ಜಿಗೆ ನೆನಪಿರಲಿಲ್ಲ, ಗೋಡೆಯ ಕ್ಯಾಲೆಂಡರಿನಲ್ಲಿ ಇದ್ದಿಲಿನಿಂದ ಗೆರೆ ಎಳೆದಿಟ್ಟಿದ್ದವನು ಅವನೇ.