ಬಯಲು ಬರಿದಲ್ಲ

ತಳಕು ಎಂಬ ಊರನ್ನು ಕಣ್ಣಾರೆ ಕಾಣದ ಕನ್ನಡಿಗರೂ ಅದರ ಮೊದಲ ಅಕ್ಷರವನ್ನು ಬಲ್ಲರು. ತ. ಸು. ಶಾಮರಾಯರ ಹೆಸರಿನ ಮುಂದಿರುವ ‘ತ’, ತ. ರಾ. ಸು. ಅವರ ಹೆಸರಿನ ಮುಂದಿರುವ ‘ತ’, ಎರಡೂ ಈ ಊರಿನವೇ. ಶಾಮರಾಯರ ಅಣ್ಣಂದಿರಾದ ಟಿ. ಎಸ್. ವೆಂಕಣ್ಣಯ್ಯನವರು (1885-1939) ಮೈಸೂರಿನಲ್ಲಿ ಕುವೆಂಪು ಅವರಿಗೆ ಗುರುಗಳಾಗಿದ್ದರು. ‘ಶ್ರೀ ರಾಮಾಯಣ ದರ್ಶನಂ’ ಅರ್ಪಿತವಾಗಿರುವುದು ಅವರಿಗೇ. ಮಲೆನಾಡಿನವರು ತಳಕಿನವರಿಂದ ಪಾಠ ಹೇಳಿಸಿಕೊಳ್ಳುವುದು, ಹಾಗಾದರೆ, ಹೊಸತೇನೂ ಅಲ್ಲ. ತೀರ್ಥಹಳ್ಳಿಯ ಕಡೆಯಿಂದ ವರ್ಗವಾಗಿ ತಳಕು ಹೋಬಳಿಗೆ ಬಂದ ತರುಣ ಪಶುವೈದ್ಯರೊಬ್ಬರಿಗೂ ಅದು ತಪ್ಪಲಿಲ್ಲ. ಅವರ ಪಾಠ ಮಾತ್ರ ಕಾವ್ಯದ್ದಾಗಿರದೆ ಜೀಪು ನಡೆಸುವುದರದಾಗಿತ್ತು.

ಡಾಕ್ಟರು ಆ ವಿದ್ಯೆಯಲ್ಲಿ ಎಳಸೇನೂ ಅಲ್ಲ. ಆಗುಂಬೆಯ ಘಾಟಿಯನ್ನು ಮಂಜಿನಲ್ಲಿ ಇಳಿದವರು. ತಿರುವಿಗೆ ಮುನ್ನ ಹಾರನ್ ಮಾಡುವುದು, ಇಳಿಜಾರಿನಲ್ಲಿ ಬ್ರೇಕನ್ನು ನೆಚ್ಚದೆ ಕೆಳಗಿನ ಗೇರಿನಲ್ಲಿ ಎಂಜಿನ್ನಿನ ಬಿಗಿಯಿಂದಲೇ ವೇಗವನ್ನು ತಡೆಯುವುದು, ಪಾಚಿ ಕಟ್ಟಿದ ಅಂಚಿಗೆ ಚಕ್ರ ಜಾರದಂತೆ ನೋಡಿಕೊಳ್ಳುವುದು, ಇವೆಲ್ಲ ಅವರಿಗೆ ನೀರು ಕುಡಿದಷ್ಟು ಸುಲಭ. ಮಲೆನಾಡಿನ ದಾರಿ ಎಷ್ಟೇ ಕಠಿನವಾದರೂ ಒಂದು ಉಪಕಾರ ಮಾಡುತ್ತದೆ. ಒಂದು ಕಡೆ ಗುಡ್ಡ, ಇನ್ನೊಂದು ಕಡೆ ಕಮರಿ. ಎಲ್ಲಿ ಹೋಗಬೇಕೆಂಬ ಯೋಚನೆಯೇ ಇಲ್ಲ. ಹೇಗೆ ಹೋಗಬೇಕೆಂದು ತಿಳಿದರೆ ಸಾಕು.

ತಳಕಿನಲ್ಲಿ ಈ ಲೆಕ್ಕ ತಿರುಗುಮುರುಗಾಯಿತು. ಈ ಊರು ತಾಲ್ಲೂಕಿನ ಲೆಕ್ಕಕ್ಕೆ ಚಳ್ಳಕೆರೆಯದು, ವಿಧಾನಸಭೆಯ ಲೆಕ್ಕಕ್ಕೆ ಮೊಳಕಾಲ್ಮೂರಿನದು. ಚಳ್ಳಕೆರೆಯಿಂದ ಬಳ್ಳಾರಿಗೆ ಹೋಗುವ ಹೆದ್ದಾರಿ ಊರನ್ನು ಮುಟ್ಟಿಕೊಂಡೇ ಸಾಗುತ್ತದೆ. ಆ ಟಾರು ರಸ್ತೆಯಿಂದ ಇಳಿದೊಡನೆ ನಾಲ್ಕು ದಿಕ್ಕಿಗೂ ಬಯಲು. ಆಗುಂಬೆಯಲ್ಲಿ ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಮೀರಿ ಮಳೆಯಾದರೆ, ಚಳ್ಳಕೆರೆಯ ಸೀಮೆಯಲ್ಲಿ ಐನೂರು ಮಿಲಿಮೀಟರಿನ ಆಸುಪಾಸು. ಮರಗಳ ಮರೆಯಿಲ್ಲ, ಗುಡ್ಡದ ತಡೆಯಿಲ್ಲ. ಮೈಲಿಯಾಚೆಯ ಹಟ್ಟಿ ಅಂಗೈಯ ಮೇಲಿಟ್ಟಂತೆ ಕಾಣುತ್ತದೆ. ಕಂಡ ಊರಿಗೆ ನೇರವಾಗಿ ಹೋಗಿಬಿಡಬಹುದಲ್ಲ ಎಂದು ಡಾಕ್ಟರ ಮನಸ್ಸು ಮೊದಲ ವಾರ ಹಕ್ಕಿಯಂತೆ ಹಾರಾಡಿತು.

ರೆಕ್ಕೆಗೆ ಮೊದಲ ಪೆಟ್ಟು ಬಿದ್ದದ್ದು ಬಳ್ಳಾರಿ ಜಾಲಿಯಿಂದ. ಕಡಿದು ಹಾಕಿದ ಜಾಲಿಯ ಕೊಂಬೆ ಧೂಳಿನಲ್ಲಿ ಹುದುಗಿರುತ್ತದೆ. ಅದರ ಒಣಮುಳ್ಳು ಟೈರನ್ನು ದಬ್ಬಣದಂತೆ ಚುಚ್ಚುತ್ತದೆ. ಹದಿನೈದು ದಿನಗಳಲ್ಲಿ ಐದು ಪಂಕ್ಚರು ಹಾಕಿಸಿದ್ದಾಯಿತು. ಎರಡನೆಯ ಪೆಟ್ಟು ಬಂಡಿಜಾಡಿನಿಂದ. ಎತ್ತಿನ ಗಾಡಿಗಳೂ ಟ್ರ್ಯಾಕ್ಟರುಗಳೂ ಸವೆಸಿದ ಎರಡು ಕೊರಕಲುಗಳ ನಡುವೆ ನೆಲ ದಿಬ್ಬವಾಗಿ ನಿಂತಿರುತ್ತದೆ. ಕೊರಕಲಿನಲ್ಲೇ ಚಕ್ರ ಇಳಿಸಿದರೆ ಜೀಪಿನ ಹೊಟ್ಟೆ ದಿಬ್ಬಕ್ಕೆ ತಾಗಿ ಕಿರುಗುಟ್ಟುತ್ತದೆ. ಒಂದು ಚಕ್ರವನ್ನು ದಿಬ್ಬದ ಮೇಲೆ, ಇನ್ನೊಂದನ್ನು ಹೊರ ಅಂಚಿನ ಮೇಲೆ ಇಟ್ಟು ನಡೆಸಬೇಕೆಂಬುದನ್ನು ಅವರಿಗೆ ತಿಳಿಸಿದ್ದು ಹಾಲಿನ ಕ್ಯಾನು ಹೊತ್ತು ಬರುತ್ತಿದ್ದ ಟೆಂಪೋದ ಹುಡುಗ. ಹಳ್ಳದ ಮರಳಿನಲ್ಲಿ ಹೂತಾಗ ಟೈರಿನ ಗಾಳಿಯನ್ನು ಒಂದಿಷ್ಟು ಇಳಿಸಿದರೆ ಅದು ಅಗಲವಾಗಿ ಹರಡಿ, ಭಾರ ಹಂಚಿಹೋಗಿ, ಗಾಡಿ ತೇಲಿದಂತೆ ಏಳುತ್ತದೆ ಎಂಬುದನ್ನು ಹೇಳಿಕೊಟ್ಟವನೂ ಅವನೇ. ಮನೆಗೆ ಮರಳಿದಾಗ ಅಂಗಿಯ ಮೇಲಿನ ಕೆಂಧೂಳನ್ನು ಕೊಡವುತ್ತ ಡಾಕ್ಟರ ಪತ್ನಿ, “ತೀರ್ಥಹಳ್ಳಿಯಲ್ಲಿ ಬಟ್ಟೆ ಒಣಗುವುದಿಲ್ಲವೆಂದು ಗೊಣಗುತ್ತಿದ್ದೆ, ಇಲ್ಲಿ ಒಗೆದದ್ದು ಗೊತ್ತೇ ಆಗುವುದಿಲ್ಲ!” ಎಂದು ನಗುತ್ತಿದ್ದರು.

ನಗು ನಿಂತದ್ದು ಮುಂಗಾರಿನ ಮೊದಲ ದೊಡ್ಡ ಮಳೆಯ ದಿನ.

ಸಂಜೆ ಐದರ ಹೊತ್ತಿಗೆ ಮೊಬೈಲಿಗೆ ಕರೆ ಬಂತು. ದೂರದ ಹಟ್ಟಿಯೊಂದರ ದೇವರ ಎತ್ತುಗಳ ಮಂದೆಯಲ್ಲಿ ಹಸುವೊಂದು ಈಯಲಾರದೆ ಮಧ್ಯಾಹ್ನದಿಂದ ನರಳುತ್ತಿತ್ತು. ಈ ಸೀಮೆಯ ಮ್ಯಾಸನಾಯಕರು ತಮ್ಮ ದೇವರುಗಳ ಹೆಸರಿನಲ್ಲಿ ಮಂದೆಗಳನ್ನು ಸಾಕಿಕೊಂಡು ಬಂದಿದ್ದಾರೆ; ಅವನ್ನು ಕಾಯುವವನಿಗೆ ಕಿಲಾರಿಯೆಂದು ಹೆಸರು. ಡಾಕ್ಟರು ಚೀಲವನ್ನು ಜೀಪಿಗೆ ಹಾಕಿದರು. ಬಂಡಿದಾರಿ ಹಿಡಿದರೆ ಹನ್ನೊಂದು ಕಿಲೋಮೀಟರು. ಫೋನಿನ ನಕ್ಷೆಯಲ್ಲಿ ನೇರ ಗೆರೆ ಎಳೆದರೆ ಆರು. ಮಳೆ ನಿಂತಿತ್ತು, ಬಯಲು ಬಿಚ್ಚಿಕೊಂಡಿತ್ತು. ನರಳುವ ಪ್ರಾಣಿಯ ಎದುರಿಗೆ ಐದು ಕಿಲೋಮೀಟರು ಉಳಿಯುವುದು ಸಣ್ಣ ಮಾತೆ? ಡಾಕ್ಟರು ದಾರಿ ಬಿಟ್ಟು ನೇರಕ್ಕೆ ತಿರುಗಿಸಿದರು.

ಮೊದಲು ಸಿಕ್ಕಿದ್ದು ಮಸಾರಿ, ಎಂದರೆ ಕೆಂಪು ನೆಲ. ಮಳೆನೀರನ್ನು ಬೇಗ ಇಂಗಿಸಿಕೊಳ್ಳುವ ಆ ನೆಲದಲ್ಲಿ ಜೀಪು ಸರಾಗವಾಗಿ ಓಡಿತು. ಬದುವೊಂದನ್ನು ಹತ್ತಿ ಇಳಿದು, ಖಾಲಿಯಾಗಿ ಕಂಡ ಹೊಲವೊಂದರ ನಡುವೆಯೇ ಹಾಯ್ದರು. ಆಚೆಗೆ ನೆಲ ತಗ್ಗಾಗಿ ಕಪ್ಪಾಯಿತು. ಅದು ಎರೆ. ನೂರು ಗಜ ಹೋಗುವಷ್ಟರಲ್ಲಿ ಚಕ್ರಗಳಿಗೆ ಮಣ್ಣು ಮೆತ್ತಿಕೊಂಡು ಟೈರಿನ ಹಲ್ಲುಗಳೆಲ್ಲ ಮುಚ್ಚಿಹೋದವು. ನಾಲ್ಕೂ ನುಣ್ಣನೆಯ ಉರುಳೆಗಳಾದವು. ಡಾಕ್ಟರು ಆಕ್ಸಿಲರೇಟರು ಒತ್ತಿದರು. ಒತ್ತಿದಷ್ಟೂ ಚಕ್ರ ತನ್ನ ಗುಂಡಿಯನ್ನು ತಾನೇ ತೋಡಿಕೊಂಡಿತು. ನಾಲ್ಕು ಚಕ್ರಗಳಿಗೂ ಶಕ್ತಿ ಹರಿಸುವ ಗೇರು ಹಾಕಿದ್ದಾಯಿತು. ನಾಲ್ಕೂ ಒಟ್ಟಿಗೆ ಹೂತವು. ಕೊನೆಗೆ ಜೀಪು ಹೊಟ್ಟೆಯ ಮೇಲೆ ಕುಳಿತಿತು.

ಎರೆಯ ಈ ಗುಣಕ್ಕೆ ಕಾರಣವಿದೆ. ಅದರಲ್ಲಿ ಮಾಂಟ್‌ಮೊರಿಲೊನೈಟ್ ಎಂಬ ಜೇಡಿಯ ಅಂಶ ಹೆಚ್ಚು. ಅದರ ಅತಿ ಸೂಕ್ಷ್ಮವಾದ ಪದರಗಳ ನಡುವೆ ನೀರು ಹೊಕ್ಕಾಗ ಮಣ್ಣು ಉಬ್ಬಿ ಅಂಟಾಗುತ್ತದೆ; ಬೇಸಗೆಯಲ್ಲಿ ಕುಗ್ಗಿ, ಕೈ ತೂರುವಷ್ಟು ಬಿರಿಯುತ್ತದೆ. ನೀರನ್ನು ಬಹುಕಾಲ ಹಿಡಿದಿಟ್ಟುಕೊಳ್ಳುವುದರಿಂದಲೇ ಹಿಂಗಾರಿನ ಜೋಳ ಕಡಲೆಗಳಿಗೆ ಅದು ತಾಯಿ. ಬೆಳೆಗೆ ತಾಯಿಯಾದದ್ದು ಚಕ್ರಕ್ಕೆ ಮಾರಿ.

ಕತ್ತಲಾಗುತ್ತಿರಲು ಲಾಂದ್ರದಂತೆ ಒಂದು ಬ್ಯಾಟರಿಯ ಬೆಳಕು ತೇಲಿಬಂತು. ಹುಡುಕಿಕೊಂಡು ಬಂದವನು ಮುದುಕನಾದ ಕಿಲಾರಿ.

“ಅಜ್ಜಾ, ಮಂದೆಯಲ್ಲಿ ಎತ್ತುಗಳಿವೆಯಲ್ಲ, ಎರಡು ಜೊತೆ ತಂದು ಎಳೆಸಬಹುದೆ?” ಎಂದರು ಡಾಕ್ಟರು.

“ಅವು ದೇವ್ರವು ಸ್ವಾಮಿ. ನೊಗ ಕಂಡಿಲ್ಲ, ಕಾಣಾದೂ ಇಲ್ಲ. ಗಾಡಿ ಎಲ್ಲೂ ಹೋಗಾದಿಲ್ಲ, ಇಲ್ಲೇ ಇರ್ತದೆ. ಚೀಲ ಕೊಡ್ರಿ, ನಡೀರಿ.”

ಹೆಜ್ಜೆಗೊಂದು ಸೇರು ಮಣ್ಣು ಹೊತ್ತು ಎರಡು ಕಿಲೋಮೀಟರು ನಡೆದದ್ದಕ್ಕೆ ಒಂದು ಗಂಟೆಗೂ ಮಿಕ್ಕಿ ಹಿಡಿಯಿತು. ಕರುವಿನ ತಲೆ ಹಿಂದಕ್ಕೆ ಹೊರಳಿತ್ತು. ಡಾಕ್ಟರು ಬ್ಯಾಟರಿಯ ಬೆಳಕಿನಲ್ಲಿ ಮಣಕಟ್ಟಿನಿಂದ ತೋಳಿನವರೆಗೆ ಕೈಯಾಡಿಸಿ ಅದನ್ನು ತಿರುಗಿಸಿ ಹೊರತೆಗೆದರು. ಹಸು ಉಳಿಯಿತು, ಕರು ಉಳಿಯಲಿಲ್ಲ. ಬಂಡಿದಾರಿಯಲ್ಲಿ ಬಂದಿದ್ದರೆ ಅರ್ಧ ಗಂಟೆಯ ಮಾತೆಂಬುದನ್ನು ಕಿಲಾರಿ ಆಡಲಿಲ್ಲ. ಆಡದ ಆ ಮಾತೇ ಡಾಕ್ಟರನ್ನು ರಾತ್ರಿಯಿಡೀ ಎಚ್ಚರವಾಗಿಟ್ಟಿತು.

ಅವರೇ ಕೊನೆಗೆ ಕೇಳಿದರು: “ಅಜ್ಜಾ, ಬಂಡಿದಾರಿ ಅಷ್ಟೊಂದು ಏಕೆ ಸುತ್ತುತ್ತದೆ?”

“ಸುತ್ತಾದಿಲ್ಲ ಸ್ವಾಮಿ. ಎರೆ ಬಿಟ್ಟು ಮಸಾರಿ ದಿನ್ನೆ ಹಿಡ್ಕಂಡು ಬರ್ತದೆ. ನಮ್ಮ ಮುತ್ತಾತರ ಬಂಡಿ ಹೂತಿದ್ದು ಎಲ್ಲೆಲ್ಲಿ ಅಂತ ಆ ದಾರಿ ನೆನಪಿಟ್ಟೈತೆ.”

ಬೆಳಗ್ಗೆ ಉಳುವ ಎತ್ತುಗಳನ್ನು ಪಕ್ಕದ ಊರಿನಿಂದ ತಂದು, ಚಕ್ರದಡಿಗೆ ಕಲ್ಲು ಸೊಪ್ಪು ತುರುಕಿ, ಹಗ್ಗ ಹಾಕಿ ಜೀಪನ್ನು ಎಳೆದದ್ದಾಯಿತು. ಹಿಂದಿರುಗುವಾಗ ಕಂಡದ್ದು ಇನ್ನೂ ಕಷ್ಟದ ನೋಟ. ಹಿಂದಿನ ಸಂಜೆ ಖಾಲಿಯೆಂದು ಹಾಯ್ದ ಕೆಂಪು ಹೊಲ ಖಾಲಿಯಾಗಿರಲಿಲ್ಲ. ಮೂರು ದಿನಗಳ ಕೆಳಗೆ ಶೇಂಗಾ ಬಿತ್ತಿದ್ದ ಹೊಲವದು. ಹಸಿ ನೆಲದ ಮೇಲೆ ಜೀಪಿನ ಎರಡು ಜಾಡುಗಳು ಈ ಬದುವಿನಿಂದ ಆ ಬದುವಿನವರೆಗೆ ಬಿಗಿದು ಕಲ್ಲಾಗಿದ್ದವು. ಹೊಲದ ಒಡತಿ ಬದುವಿನ ಮೇಲೆ ನಿಂತಿದ್ದಳು. ಡಾಕ್ಟರು ಇಳಿದು ಹೋಗಿ, “ತಪ್ಪಾಯಿತಮ್ಮಾ” ಎಂದು ಜೇಬಿಗೆ ಕೈಹಾಕಿದರು.

“ನೆಲದಾಗೆ ದುಡ್ಡು ಬಿತ್ತಾಕೆ ಆಗ್ತದಾ ಸ್ವಾಮಿ? ಬೀಜ ಕೊಡ್ರಿ. ಹದ ಆರಾದ್ರೊಳಗೆ ಬಿತ್ಕಂತೀನಿ.”

ವರ್ಷಕ್ಕೆ ಬೀಳುವುದೇ ಕೆಲವು ಮಳೆ. ಅವುಗಳಲ್ಲಿ ಬಿತ್ತನೆಯ ಹದ ಕೊಡುವುದು ಒಂದೋ ಎರಡೋ. ಹದ ತಪ್ಪಿದರೆ ಆ ವರ್ಷವೇ ತಪ್ಪಿದಂತೆ. ಡಾಕ್ಟರು ಅಂದೇ ಮಧ್ಯಾಹ್ನ ಬೀಜ ತಂದುಕೊಟ್ಟರು. ಗುದ್ದಲಿ ಹಿಡಿದು ಜಾಡನ್ನು ಸಡಿಲಿಸಲು ತಾವೂ ನಿಂತರು; ಅಂಗೈಯಲ್ಲಿ ಬೊಬ್ಬೆ ಎದ್ದಿತು.

ಬಯಲನ್ನು ಬರಿದೆಂದು ಕಾಣುವುದು ಹೊರಗಿನಿಂದ ಬಂದ ಕಣ್ಣಿನ ದೋಷ. ಮಲೆನಾಡಿನಲ್ಲಿ ಬೇಲಿಯಿರುವುದು ಒಡೆತನದ ಗುರುತು. ಇಲ್ಲಿ ಬೇಲಿಯಿಲ್ಲದ ನೆಲಕ್ಕೂ ಹಕ್ಕುದಾರರಿದ್ದಾರೆ. ಒಂದು ತುಂಡು ಬಿತ್ತಿದ ಹೊಲ, ಇನ್ನೊಂದು ಕುರಿಗಳ ಹುಲ್ಲು, ಮತ್ತೊಂದು ಕಾವಲು. ಮೈಸೂರಿನ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ‘ಬೆಣ್ಣೆ ಚಾವಡಿ’ ಎನಿಸಿ, ಟಿಪ್ಪುವಿನ ಕಾಲದಲ್ಲಿ ‘ಅಮೃತ ಮಹಲ್’ ಎಂದು ಹೆಸರು ಪಡೆದ ರಾಸುಗಳಿಗಾಗಿ ಮೀಸಲಾದ ಹುಲ್ಲುಗಾವಲುಗಳು ಚಳ್ಳಕೆರೆಯಲ್ಲಿ ವಿಸ್ತಾರವಾಗಿದ್ದವು. ದಂಡಿನ ಫಿರಂಗಿಗಳನ್ನು ದಾರಿಯಿಲ್ಲದ ಕಡೆಗಳಲ್ಲೂ ಎಳೆದ ತಳಿ ಅದು; ದಾರಿ ಬಿಟ್ಟು ನಡೆಯುವ ವಾಹನವೆಂದರೆ ಆ ಕಾಲಕ್ಕೆ ಅದೇ. ಈಚಿನ ದಶಕಗಳಲ್ಲಿ ಆ ಕಾವಲುಗಳಲ್ಲಿ ಸಾವಿರಾರು ಎಕರೆ ರಕ್ಷಣಾ ಸಂಶೋಧನೆಗೆ, ಭಾರತೀಯ ವಿಜ್ಞಾನ ಸಂಸ್ಥೆಗೆ, ಇತರ ಸಂಸ್ಥೆಗಳಿಗೆ ಹಂಚಿಕೆಯಾಗಿದೆ, ಗೋಡೆಗಳೆದ್ದಿವೆ. ಉಳಿದ ಹುಲ್ಲಿನ ಮೇಲೆ ಮಂದೆಗಳ ಭಾರ ಹೆಚ್ಚಿದೆ. ಮಳೆ ಕಡಿಮೆಯಾದ ನೆಲದಲ್ಲಿ ಚಕ್ರ ಒತ್ತಿದ ಗಾಯ ಬೇಗ ಮಾಯುವುದಿಲ್ಲ. ಒಬ್ಬರು ನೇರವಾಗಿ ಹೋದ ಜಾಡನ್ನೇ ಇನ್ನೊಬ್ಬರು ದಾರಿಯೆಂದು ಹಿಡಿದರೆ, ಮುಂದಿನ ಮಳೆಗೆ ಅದೇ ಕೊರಕಲು, ಮರುವರ್ಷ ಅದೇ ಸಣ್ಣ ಹಳ್ಳ.

ಡಾಕ್ಟರು ಈಗ ಜೀಪಿನಲ್ಲಿ ಗುದ್ದಲಿ, ಹಗ್ಗ, ಗಾಳಿಯ ಪಂಪು ಇಟ್ಟುಕೊಂಡಿರುತ್ತಾರೆ. ಅವುಗಳಿಗಿಂತ ಹೆಚ್ಚಾಗಿ ನೆಚ್ಚುವುದು ತಮ್ಮ ಕಾಲನ್ನು ಮತ್ತು ಊರವರ ಬಾಯನ್ನು. ನೆಲದ ಬಣ್ಣ ಬದಲಾದೊಡನೆ ಇಳಿದು, ಹಿಮ್ಮಡಿಯಿಂದ ಒತ್ತಿ ನೋಡುತ್ತಾರೆ. ಒಂದು ಹಿಡಿ ಮಣ್ಣನ್ನು ಮುಷ್ಟಿಯಲ್ಲಿ ಅದುಮುತ್ತಾರೆ. ಉದುರಿದರೆ ಗೇರು, ಅಂಟಿದರೆ ಚೀಲ ಹೆಗಲಿಗೆ. ಕುರಿ ಕಾಯುವ ಹುಡುಗ ಕಂಡರೆ ಜೀಪು ನಿಲ್ಲಿಸಿ, “ಈ ಕಡೆ ಹೋಗಬಹುದೇನಪ್ಪ?” ಎಂದು ಕೇಳುವುದರಲ್ಲಿ ಅವರಿಗೆ ಸಂಕೋಚವಿಲ್ಲ. ತಡವಾದೀತೆಂಬ ಭಯವೂ ಇಲ್ಲ. ಆ ಬಯಲಿನಲ್ಲಿ ಬೇಗ ಮುಟ್ಟುವ ಉಪಾಯ ಅದೊಂದೇ ಎಂದು ಒಂದು ಕರುವಿನ ಬೆಲೆ ತೆತ್ತು ಕಲಿತಿದ್ದಾರೆ.

ಆ ಶೇಂಗಾ ಹೊಲ ಬಂಡಿದಾರಿಯ ಮಗ್ಗುಲಿಗೇ ಇದೆ. ಆ ವರ್ಷ ಬೆಳೆ ಬಂತು. ಹಸುರಿನ ನಡುವೆ ಎರಡು ಪಟ್ಟಿಗಳು ಮಾತ್ರ ನಾಲ್ಕು ದಿನ ಚಿಕ್ಕವಾಗಿ, ಸ್ವಲ್ಪ ತಿಳಿಬಣ್ಣವಾಗಿ, ಈ ಬದುವಿನಿಂದ ಆ ಬದುವಿಗೆ ನೇರವಾಗಿ ಹಾದಿದ್ದವು. ಕಾಯಿ ಕೀಳುವವರೆಗೂ ಡಾಕ್ಟರು ಅದೇ ದಾರಿಯಲ್ಲಿ, ಅದನ್ನು ನೋಡುತ್ತ, ಸುತ್ತು ಹಾಕಿಕೊಂಡು ಹೋಗುತ್ತಿದ್ದರು.